ಇಟ್ಟಿಗೆ ಕೆಂಪೋ, ಸೇಬು ಹಸಿರೋ?

ಕಳೆದ ಸೆಪ್ಟೆಂಬರಿನ ಒಂದು ಸಂಜೆ ನಮ್ಮ ಎದುರುಮನೆ ಹುಡುಗ ಕೆಮಿಸ್ಟ್ರಿ ರೆಕಾರ್ಡ್ ಬುಕ್ ಹಿಡಿದುಕೊಂಡು ಬಂದ. ಹನ್ನೆರಡನೇ ತರಗತಿ, ಸಿಬಿಎಸ್‌ಇ. ಅವನಿಗೆ ನಾನು ಗಣಿತ ಹೇಳಿಕೊಡುವುದುಂಟು. ಅವನಿಂದ ನಾನು ತಮಿಳು ಕಲಿಯುವುದುಂಟು. ಹೀಗೆ ಲೆಕ್ಕ ಚುಕ್ತಾ. ಆ ದಿನ ಅವನ ಸಮಸ್ಯೆ ಸಾಲ್ಟ್ ಅನಾಲಿಸಿಸ್‌ನದು. ಪುಟ ತಿರುವಿದೆ. ‘ಜ್ವಾಲಾ ಪರೀಕ್ಷೆ’ಯ ಮುಂದಿನ ಜಾಗದಲ್ಲಿ ಎಲ್ಲ ಪುಟಗಳಲ್ಲೂ ಪೆನ್ಸಿಲ್ಲಿನಲ್ಲಿ ಬರೆದು, ರಬ್ಬರಿನಲ್ಲಿ ಉಜ್ಜಿ, ಮತ್ತೆ ಬರೆದ ಗುರುತು. ಉಳಿದದ್ದೆಲ್ಲ ಪೆನ್ನಿನಲ್ಲಿ, ದುಂಡಾಗಿ.

ಆ ಉಜ್ಜಿದ ಗುರುತು ನನಗೆ ಚೆನ್ನಾಗಿ ಪರಿಚಯ. ಹಾವೇರಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಪಿಯುಸಿ ಓದುವಾಗ ನನ್ನ ರೆಕಾರ್ಡ್ ಬುಕ್ ಕೂಡ ಹಾಗೇ ಇತ್ತು.

ಪ್ರಯೋಗ ಸರಳ. ವಾಚ್ ಗ್ಲಾಸಿನಲ್ಲಿ ಚಿಟಿಕೆ ಲವಣ, ಅದಕ್ಕೆ ಎರಡು ಹನಿ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ. ಆಮ್ಲ ಏಕೆಂದರೆ ಲೋಹದ ಕ್ಲೋರೈಡ್ ಬೇಗ ಆವಿಯಾಗುತ್ತದೆ. ಪ್ಲಾಟಿನಂ ತಂತಿಯ ತುದಿಗೆ ಅದನ್ನು ಅಂಟಿಸಿಕೊಂಡು ಬನ್ಸೆನ್ ಬರ್ನರಿನ ನೀಲಿ ಜ್ವಾಲೆಗೆ ಹಿಡಿಯಬೇಕು. ಶಾಖಕ್ಕೆ ಮೇಲೇರಿದ ಇಲೆಕ್ಟ್ರಾನ್‌ಗಳು ಕೆಳಗಿಳಿಯುವಾಗ ತಮ್ಮದೇ ಆದ ಬೆಳಕು ಬಿಡುತ್ತವೆ. ಸೋಡಿಯಂಗೆ ಬಂಗಾರದ ಹಳದಿ. ಪೊಟ್ಯಾಶಿಯಂಗೆ ತಿಳಿ ನೇರಳೆ, ಅದನ್ನು ಕೋಬಾಲ್ಟ್ ನೀಲಿ ಗಾಜಿನಲ್ಲಿ ನೋಡಬೇಕು. ಕ್ಯಾಲ್ಸಿಯಂಗೆ ಇಟ್ಟಿಗೆ ಕೆಂಪು, ಸ್ಟ್ರಾನ್ಷಿಯಂಗೆ ಕಡುಗೆಂಪು, ಬೇರಿಯಂಗೆ ಸೇಬು ಹಸಿರು. ಅಡುಗೆಮನೆಯಲ್ಲೂ ಇದನ್ನು ದಿನಾ ನೋಡುತ್ತೇವೆ. ಉಪ್ಪು ಹಾಕಿದ ಸಾರು ಉಕ್ಕಿ ಸ್ಟವ್ ಮೇಲೆ ಚೆಲ್ಲಿದರೆ ನೀಲಿ ಉರಿ ತಟಕ್ಕನೆ ಹಳದಿಯಾಗುತ್ತದಲ್ಲ, ಅದು ಸೋಡಿಯಂ.

ಸೋಡಿಯಂ ನನಗೂ ಕಾಣುತ್ತದೆ. ತೊಂದರೆ ಕ್ಯಾಲ್ಸಿಯಂ ಮತ್ತು ಬೇರಿಯಂನದು. ಅವೆರಡೂ ನನ್ನ ಕಣ್ಣಿಗೆ ಒಂದೇ ಥರದ ಮಾಸಲು ಹಳದಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬೇರಿಯಂ ಲವಣಕ್ಕೆ ‘ಇಟ್ಟಿಗೆ ಕೆಂಪು’ ಎಂದು ಬರೆದು, ಅದನ್ನೇ ನಂಬಿ, ಮುಂದಿನ ಪರೀಕ್ಷೆಗಳನ್ನು ಅರ್ಧಂಬರ್ಧ ಮಾಡಿ ಅಂಕ ಕಳೆದುಕೊಂಡೆ. ಪರೀಕ್ಷಕರು ‘ನೋಡದೆ ಬರೆದಿದ್ದೀಯ’ ಎಂದರು. ನಾನು ನೋಡಿದ್ದೆ. ಅಷ್ಟು ಗಮನವಿಟ್ಟು ಆ ಕೋಣೆಯಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಆದರೆ ಅದನ್ನು ಹೇಳುವ ಮಾತು ಆಗ ನನ್ನ ಹತ್ತಿರ ಇರಲಿಲ್ಲ.

ಆ ಮಾತು ಸಿಕ್ಕಿದ್ದು ಎಂ.ಟೆಕ್ ಮುಗಿದ ಮೇಲೆ. ಒಂದು ಕೆಲಸಕ್ಕೆ ಆಯ್ಕೆಯಾಗಿ, ವೈದ್ಯಕೀಯ ತಪಾಸಣೆಗೆ ಹೋದಾಗ, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಹುಡುಕುವ ಪುಸ್ತಕವನ್ನು ಮುಂದಿಟ್ಟರು. ಜಪಾನಿನ ಶಿನೊಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಪರೀಕ್ಷೆ. ಬಹುತೇಕ ಹಾಳೆಗಳಲ್ಲಿ ನನಗೆ ಬರೀ ಚುಕ್ಕೆ ಕಂಡವು. ಕೆಂಪು-ಹಸಿರು ವರ್ಣಾಂಧತೆ ಎಂದರು. ಆ ಕೆಲಸ ಹೋಯಿತು. ಸಾಫ್ಟ್‌ವೇರ್‌ಗೆ ಬಂದೆ, ಚೆನ್ನೈಗೆ ಬಂದೆ.

ಊರಿಗೆ ಫೋನ್ ಮಾಡಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಪ್ಪನೂ ಹಂಗ ಇದ್ದ ನೋಡಪಾ” ಎಂದಳು. ಅಜ್ಜನದು ಬ್ಯಾಡಗಿ ಕಡೆಯ ಮೆಣಸಿನಕಾಯಿ ಹೊಲ. ಗಿಡದಲ್ಲಿ ಹಸಿ ಯಾವುದು, ಹಣ್ಣು ಯಾವುದು ಎಂದು ಅವನಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲವಂತೆ. ಮುಟ್ಟಿ, ಅದುಮಿ ನೋಡಿ ಕೀಳುತ್ತಿದ್ದ. ಆಳುಗಳು ನಗುತ್ತಿದ್ದರು. ಕೊನೆಗೆ ಕೀಳುವುದನ್ನು ಅಜ್ಜಿಗೆ ಬಿಟ್ಟು ಅವನು ತೂಕ ಮತ್ತು ಲೆಕ್ಕ ನೋಡಿಕೊಂಡ. ಅದಕ್ಕೊಂದು ಹೆಸರಿದೆ ಎಂದು ತಿಳಿಯದೆಯೇ ತೀರಿಕೊಂಡ.

ಈ ದೋಷದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ಹೆಣ್ಣಿಗೆ ಎರಡಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ನಿಭಾಯಿಸುತ್ತದೆ. ಹಾಗಾಗಿ ಅಜ್ಜನ ಕಣ್ಣು ಅವ್ವನನ್ನು ದಾಟಿ ನನಗೆ ಬಂತು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಇದು ಇದೆ. ಹೆಂಗಸರಲ್ಲಿ ಬಹಳ ಕಡಿಮೆ. ಇದನ್ನು ಮೊದಲು ವಿವರವಾಗಿ ಬರೆದವರಲ್ಲೊಬ್ಬ ರಸಾಯನಶಾಸ್ತ್ರಜ್ಞನೇ ಎನ್ನುವುದು ನನಗೆ ಸಣ್ಣ ಸಮಾಧಾನ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ 1794ರಲ್ಲಿ ತನ್ನದೇ ಕಣ್ಣಿನ ಬಗ್ಗೆ ಪ್ರಬಂಧ ಓದಿದ. ತನ್ನ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು ಎಂಬುದು ಅವನ ಊಹೆ. ಸತ್ತ ಮೇಲೆ ಪರೀಕ್ಷಿಸಿ ಎಂದಿದ್ದ. 1844ರಲ್ಲಿ ಪರೀಕ್ಷಿಸಿದರು, ದ್ರವ ತಿಳಿಯಾಗಿಯೇ ಇತ್ತು. ಜೋಪಾನ ಮಾಡಿದ್ದ ಆ ಕಣ್ಣಿನ ಡಿಎನ್‌ಎ ಪರೀಕ್ಷೆಯಿಂದ 1995ರಲ್ಲಿ ನಿಜ ಕಾರಣ ತಿಳಿಯಿತು.

ಹುಡುಗನಿಗೆ ಇದನ್ನೆಲ್ಲ ಹೇಳುವ ಮೊದಲು ಫೋನಿನಲ್ಲಿ ಇಶಿಹಾರದ ಒಂದೆರಡು ಹಾಳೆ ತೋರಿಸಿದೆ. ಅವನು ನನ್ನ ಹಾಗೆಯೇ ಕಣ್ಣು ಕಿರಿದು ಮಾಡಿದ. ಫೋನಿನ ಪರದೆಯನ್ನು ನಂಬಬಾರದು, ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎಂದೆ. ಎರಡು ದಿನದ ನಂತರ ಡಾಕ್ಟರೂ ಅದನ್ನೇ ಹೇಳಿದರು.

ಪ್ರಾಕ್ಟಿಕಲ್ಲಿನ ಚಿಂತೆ ಸಣ್ಣದು ಎಂದು ನನಗೆ ಗೊತ್ತಿತ್ತು. ಜ್ವಾಲಾ ಪರೀಕ್ಷೆ ಸುಳಿವು ಮಾತ್ರ, ತೀರ್ಪಲ್ಲ. ಅಮೋನಿಯಂ ಕಾರ್ಬೊನೇಟ್ ಹಾಕಿದಾಗ ಬಿಳಿ ಗಸಿ ಬಂದರೆ ಅದನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಮೂರು ಭಾಗ ಮಾಡಬೇಕು. ಪೊಟ್ಯಾಶಿಯಂ ಕ್ರೋಮೇಟ್‌ಗೆ ಹಳದಿ ಗಸಿ ಬಂದರೆ ಬೇರಿಯಂ. ಬರದಿದ್ದರೆ ಅಮೋನಿಯಂ ಸಲ್ಫೇಟ್. ಬಿಳಿ ಗಸಿ ಬಂದರೆ ಸ್ಟ್ರಾನ್ಷಿಯಂ. ಅದೂ ಬರದಿದ್ದರೆ ಅಮೋನಿಯಂ ಆಕ್ಸಲೇಟ್. ಬಿಳಿ ಗಸಿ ಬಂದರೆ ಕ್ಯಾಲ್ಸಿಯಂ. ಕ್ರಮ ತಪ್ಪದಿದ್ದರೆ ಸಾಕು. ಇಲ್ಲಿ ಕೆಂಪು-ಹಸಿರಿನ ಗೊಡವೆಯೇ ಇಲ್ಲ.

ಆದರೂ ಜ್ವಾಲೆಯನ್ನು ಓದಲು ನಮ್ಮಂಥವರಿಗೆ ದಾರಿಯೇ ಇಲ್ಲವೆ? ಇದೆ. ಶೂ ಡಬ್ಬಿಯ ಒಂದು ಬದಿಯಲ್ಲಿ ಎರಡು ಬ್ಲೇಡ್ ಅಂಟಿಸಿ ಕೂದಲೆಳೆಯಷ್ಟು ಸೀಳು ಬಿಟ್ಟೆವು. ಇನ್ನೊಂದು ಬದಿಗೆ ಹಳೆಯ ಸಿಡಿಯ ತುಂಡು. ಸಿಡಿಯಲ್ಲಿ ಮಿಲಿಮೀಟರಿಗೆ ಸುಮಾರು 625 ಗೆರೆಗಳಿರುವುದರಿಂದ ಅದು ಬೆಳಕನ್ನು ಹರಡಿ ತೋರಿಸುತ್ತದೆ. ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸದ 436 ಮತ್ತು 546 ನ್ಯಾನೊಮೀಟರಿನ ಗೆರೆ, ಉಪ್ಪಿನ ಉರಿಯಲ್ಲಿ ಸೋಡಿಯಂನ 589. ಈ ಮೂರನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ಅಳತೆಪಟ್ಟಿ ಸಿದ್ಧ. ಅವನ ಶಿಕ್ಷಕಿ ಒಂದು ಶನಿವಾರ ಮಧ್ಯಾಹ್ನ ಲ್ಯಾಬಿನ ಕಿಟಕಿಗಳಿಗೆ ಪರದೆ ಎಳೆದು, ತಾವೇ ತಂತಿ ಹಿಡಿದು ನಿಂತರು.

ಸೋಡಿಯಂ ಗೆರೆ ಎಲ್ಲದರಲ್ಲೂ ಬರುತ್ತದೆ, ಅದನ್ನು ಹೊರಗೆ ಹಾಕಲಾಗುವುದಿಲ್ಲ. ನಾವು ಅದನ್ನೇ ಮೈಲಿಗಲ್ಲು ಮಾಡಿಕೊಂಡೆವು. ಕ್ಯಾಲ್ಸಿಯಂಗೆ ಆ ಕಲ್ಲಿನ ಆಚೆ 622ರ ಹತ್ತಿರ ಒಂದು ಪಟ್ಟೆ, ಈಚೆ 554ರ ಹತ್ತಿರ ಒಂದು. ಬೇರಿಯಂನ ಮುಖ್ಯ ಪಟ್ಟೆಗಳು 510-530ರ ಆಸುಪಾಸು, ಈಚೆ ಕಡೆಗೇ. ಸ್ಟ್ರಾನ್ಷಿಯಂ ಪಟ್ಟೆಗಳು ಆಚೆ ಗುಂಪಾಗಿ, ಜೊತೆಗೆ ದೂರದಲ್ಲಿ 461ರಲ್ಲಿ ಒಂಟಿ ನೀಲಿ ಗೆರೆ. ನೀಲಿ ನಮ್ಮಿಬ್ಬರಿಗೂ ಚೆನ್ನಾಗಿ ಕಾಣುತ್ತದೆ. ಬಣ್ಣ ಯಾವುದೆಂದು ಕೇಳಲೇಬೇಕಿರಲಿಲ್ಲ, ಜಾಗ ನೋಡಿದರೆ ಸಾಕಿತ್ತು. ಶಿಕ್ಷಕಿ ಹೆಸರು ಹೇಳದೆ ಒಂದಾದ ಮೇಲೊಂದು ಲವಣ ಹಿಡಿದರು. ಹುಡುಗ ಡಬ್ಬಿಯೊಳಗೆ ಕಣ್ಣಿಟ್ಟು ಎಲ್ಲವನ್ನೂ ಸರಿಯಾಗಿ ಹೇಳಿದ.

ಇದು ನಮ್ಮ ಜಾಣತನವೇನಲ್ಲ. ಬನ್ಸೆನ್ ಮತ್ತು ಕಿರ್ಕಾಫ್ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಕಂಡುಹಿಡಿದದ್ದು ಹೀಗೆ ಗೆರೆಯ ಜಾಗ ನೋಡಿಯೇ. ನಮ್ಮ ಕಡೆಯ ಕತೆಯೂ ಇದರಲ್ಲಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ರೋಹಿತದರ್ಶಕ ಇಟ್ಟುಕೊಂಡು ಕಾದಿದ್ದರು. ಜ್ವಾಲೆಯ ಬಣ್ಣಗಳ ಬಗ್ಗೆ 1820ರ ದಶಕದಲ್ಲೇ ಬರೆದಿದ್ದ ಖಗೋಳಜ್ಞ ಸರ್ ಜಾನ್ ಹರ್ಷೆಲ್ ಅವರ ಮಗ ಇವರು. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳನ್ನು ಕಂಡರು. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಮಚಲಿಪಟ್ಟಣದಲ್ಲಿ ಮದ್ರಾಸ್ ವೀಕ್ಷಣಾಲಯದ ಪಾಗ್ಸನ್ ಕೂಡ ನೋಡಿದರು. ಅದರಲ್ಲಿದ್ದ ಹಳದಿ ಗೆರೆಯನ್ನು ಹಲವರು ಸೋಡಿಯಂನದೇ ಎಂದುಕೊಂಡರು. ಜಾಗ ಅಳೆದಾಗ ಅದು 589ರಲ್ಲಿ ಇರಲಿಲ್ಲ, 587.6ರಲ್ಲಿತ್ತು. ಅದೇ ಹೀಲಿಯಂ. ಭೂಮಿಯ ಮೇಲೆ ರಾಮ್ಸೆ ಅದನ್ನು ಹಿಡಿದದ್ದು 1895ರಲ್ಲಿ. ಆ ಎರಡು ಹಳದಿಗಳನ್ನು ಬರೀ ಬಣ್ಣ ನೋಡಿ ಬೇರೆ ಮಾಡುವುದು ಎಂಥ ಒಳ್ಳೆಯ ಕಣ್ಣಿಗೂ ಬಹಳ ಕಷ್ಟ. ಅಷ್ಟರಮಟ್ಟಿಗೆ ಎಲ್ಲರೂ ನಮ್ಮ ಹಾಗೆಯೇ.

ಇಷ್ಟಕ್ಕೆ ಮುಗಿದಿದ್ದರೆ ಇದು ಸಂತೋಷದ ಬರಹವಾಗುತ್ತಿತ್ತು. ಆದರೆ ಆ ಹುಡುಗನಿಗೆ ಮರ್ಚೆಂಟ್ ನೇವಿ ಸೇರಿ ಡೆಕ್ ಆಫೀಸರ್ ಆಗುವ ಆಸೆ. ನಮ್ಮ ತಾರಸಿಯಿಂದ ಬಂದರಿನ ಸರದಿಗೆ ಕಾಯುವ ಹಡಗುಗಳು ಕಾಣುತ್ತವೆ. ಅವನು ಚಿಕ್ಕಂದಿನಿಂದ ಅವನ್ನು ಎಣಿಸುತ್ತ ಬೆಳೆದವನು. ಅವನಪ್ಪ ಕೋರ್ಸಿನ ಫೀಸಿಗೆ ಸಾಲದ ಮಾತುಕತೆಯನ್ನೂ ಶುರು ಮಾಡಿದ್ದರು.

ರಾತ್ರಿ ಚಲಿಸುವ ಹಡಗಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ದೂರದ ಕತ್ತಲಲ್ಲಿ ಆ ಚುಕ್ಕಿಯ ಬಣ್ಣ ನೋಡಿಯೇ ಎದುರಿನ ಹಡಗು ಯಾವ ಕಡೆ ಹೋಗುತ್ತಿದೆ ಎಂದು ತಿಳಿಯಬೇಕು. ಅಲ್ಲಿ ಕ್ರೋಮೇಟ್ ಹಾಕಿ ನೋಡುವಂತಿಲ್ಲ, ಶೂ ಡಬ್ಬಿ ಹಿಡಿಯಲು ಸಮಯವಿಲ್ಲ. ಆ ಕೆಲಸಕ್ಕೆ ಬಣ್ಣದೃಷ್ಟಿ ಕಡ್ಡಾಯ ಎನ್ನುವ ನಿಯಮ ನ್ಯಾಯವಾದದ್ದೇ.

ಎಲ್ಲ ನಿಯಮಗಳೂ ಹಾಗಲ್ಲ. ತೀವ್ರವಲ್ಲದ ವರ್ಣಾಂಧತೆ ಇರುವವರಿಗೂ ಡ್ರೈವಿಂಗ್ ಲೈಸೆನ್ಸ್ ಕೊಡಬಹುದೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಬದಲಿಸಿತು. ಪುಣೆಯ ಚಲನಚಿತ್ರ ಸಂಸ್ಥೆ ಎಲ್ಲ ಕೋರ್ಸುಗಳಿಗೂ ವರ್ಣಾಂಧರನ್ನು ಸೇರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಬಣ್ಣ ನಿಜವಾಗಿ ಬೇಕಾದ ಜಾಗ ಯಾವುದು, ಬರೀ ರೂಢಿಯಿಂದ ಕೇಳುವ ಜಾಗ ಯಾವುದು ಎಂದು ಒಂದೊಂದಾಗಿ ನೋಡಬೇಕು. ನನ್ನ ಆಫೀಸಿನಲ್ಲಿ ಟೆಸ್ಟ್ ಪಾಸಾದರೆ ಹಸಿರು, ಫೇಲಾದರೆ ಕೆಂಪು ಚುಕ್ಕೆ ಬರುತ್ತಿತ್ತು. ಅದರ ಪಕ್ಕ ಟಿಕ್ ಮತ್ತು ಇಂಟು ಗುರುತು ಹಾಕಿಸಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಬಾಯಿಬಿಟ್ಟು ಕೇಳಲು ಮಾತ್ರ ಮೂರು ವರ್ಷ ಬೇಕಾಗಿತ್ತು.

ಅವರ ಮನೆಗೆ ಹೋಗಿ ಇದನ್ನು ಹೇಳಿದವನು ನಾನೇ. ಹುಡುಗನ ತಾಯಿ ಮೊದಲು ಕೇಳಿದ್ದು, “ಎನ್ನಾಲೆಯಾ ತಂಬಿ?” ನನ್ನಿಂದಲೇ ಬಂತಾ ಎಂದು. ಅವರ ಅಣ್ಣನಿಗೂ ಹೀಗೇ ಇತ್ತಂತೆ. ಅವ್ವ ಅಂದು ಫೋನಿನಲ್ಲಿ ಏಕೆ ಸುಮ್ಮನಾಗಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಬ್ಯಾಡಗಿಯ ಅಜ್ಜನ ಕತೆ ಹೇಳಿದೆ. ನಮ್ಮವ್ವನಿಂದ ನನಗೆ ಬಂದದ್ದು ಇದೊಂದೇ ಅಲ್ಲ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ತಮಿಳು ಸಾಲಲಿಲ್ಲ.

ಹುಡುಗ ಎರಡು ವಾರ ಗಣಿತಕ್ಕೆ ಬರಲಿಲ್ಲ. ಆಮೇಲೆ ಬಂದ. ಹಡಗು ನಡೆಸುವ ಮಾತು ಈಗ ಎತ್ತುವುದಿಲ್ಲ. ಐಐಟಿ ಮದ್ರಾಸಿನಲ್ಲಿ ಹಡಗಿನ ವಿನ್ಯಾಸ ಕಲಿಸುವ ವಿಭಾಗ ಇದೆ ಎಂದು ಒಮ್ಮೆ ಹೇಳಿದೆ. “ಪಾಕ್ಕಲಾಂ ಅಂಕಲ್” ಎಂದ, ನೋಡೋಣ ಎಂದು. ಆ ಸಾಲದ ಅರ್ಜಿ ಬ್ಯಾಂಕಿಗೆ ಹೋಗಲಿಲ್ಲ.

ಹೊರನಾಡಿನಲ್ಲಿರುವ ನಮ್ಮ ಮಕ್ಕಳಿಗೆ ಕೋಚಿಂಗ್, ಭಾಷೆ, ಬೋರ್ಡು ಎಲ್ಲವನ್ನೂ ವಿಚಾರಿಸುತ್ತೇವೆ. ಹತ್ತನೇ ತರಗತಿಗೆ ಮೊದಲು ಒಮ್ಮೆ ಬಣ್ಣದ ದೃಷ್ಟಿಯನ್ನೂ ಪರೀಕ್ಷೆ ಮಾಡಿಸಿ. ಕೆಲವೇ ನಿಮಿಷದ ಕೆಲಸ. ರೈಲು, ವಿಮಾನ, ಹಡಗಿನ ಕನಸಿರುವ ಹುಡುಗರಿಗಂತೂ ತಪ್ಪದೆ ಮಾಡಿಸಿ. ತಾಯಿಯ ಕಡೆ ಅಜ್ಜನೋ ಮಾವನೋ ಬಣ್ಣ ತಪ್ಪು ಹೇಳುತ್ತಿದ್ದರೆಂಬ ನಗೆಮಾತು ಮನೆಯಲ್ಲಿದ್ದರೆ ಅದನ್ನು ನಗೆಯಾಗಿ ಬಿಡಬೇಡಿ.

ಪ್ರಾಕ್ಟಿಕಲ್ ಮುಗಿದ ದಿನ ನಾನು ವಿಮ್ಕೊ ನಗರ ಮೆಟ್ರೊ ನಿಲ್ದಾಣದಲ್ಲಿ ಇಳಿಯುತ್ತಿದ್ದಾಗ ಅವನ ಮೆಸೇಜ್ ಬಂತು. ‘ಸ್ಟ್ರಾನ್ಷಿಯಂ ಬಂದಿತ್ತು ಅಂಕಲ್. ಫ್ಲೇಮ್ ಟೆಸ್ಟ್ ಕೊನೆಗೆ ಮಾಡಿದೆ. ಮ್ಯಾಡಂ ಮೊದಲೇ ಎಕ್ಸ್‌ಟರ್ನಲ್‌ಗೆ ಹೇಳಿದ್ದರು.’ ರೆಕಾರ್ಡ್ ಬುಕ್ಕಿನಲ್ಲಿ ಆ ಜಾಗವನ್ನು ಪೆನ್ನಿನಲ್ಲೇ ಬರೆದೆಯಾ ಎಂದು ಕೇಳಿದೆ. ಪೆನ್ನಿನಲ್ಲೇ ಎಂದ.