ಪಾದರಕ್ಷೆಯ ರಕ್ಷೆ

ನಮ್ಮ ಶರೀರದ ಭಾರವನ್ನೆಲ್ಲ ಹೊತ್ತು ನಡೆಯುವ ಅಂಗ ಪಾದ. ಒಂದೊಂದು ಪಾದದಲ್ಲಿಯೂ 26 ಎಲುಬುಗಳು ಕಮಾನಿನಂತೆ ಜೋಡಣೆಗೊಂಡಿವೆ. ಇಂತಹ ಅಂಗವನ್ನು ಕಲ್ಲುಮುಳ್ಳುಗಳಿಂದಲೂ ಕಾದ ನೆಲದಿಂದಲೂ ಕಾಪಾಡುವುದರಿಂದಲೇ ಅದಕ್ಕೆ ಪಾದರಕ್ಷೆ ಎಂಬ ಹೆಸರು ಬಂದಿತು. ಅದರ ಉಪಕಾರ ಇಷ್ಟಕ್ಕೇ ಮುಗಿಯುವುದಿಲ್ಲ. ಹಸಿಮಣ್ಣಿನ ಮೇಲೆ ಬರಿಗಾಲಿನಲ್ಲಿ ನಡೆಯುವವರ ಚರ್ಮವನ್ನು ಭೇದಿಸಿಕೊಂಡು ಕೊಕ್ಕೆಹುಳುವಿನ ಮರಿಗಳು ದೇಹವನ್ನು ಸೇರುತ್ತವೆ. ಕರುಳಿನಲ್ಲಿ ನೆಲೆಸಿ ರಕ್ತಹೀನತೆಯನ್ನು ಉಂಟುಮಾಡುತ್ತವೆ. ಆ ರೋಗಕ್ಕೂ ಮನುಷ್ಯನಿಗೂ ನಡುವೆ ಒಂದು ಅಟ್ಟೆಯ ಅಂತರವಿದ್ದರೆ ಬಹುಮಟ್ಟಿಗೆ ಸಾಕು.

ಮೆಟ್ಟು, ಕೆರ, ಎಕ್ಕಡ, ಜೋಡು, ಚಪ್ಪಲಿ, ಪಾದುಕೆ ಎಂದು ನಮ್ಮ ಭಾಷೆಯಲ್ಲಿ ಇದಕ್ಕೆ ಹತ್ತು ಹೆಸರುಗಳುಂಟು. ರಾಮನ ಪಾದುಕೆಗಳನ್ನು ಸಿಂಹಾಸನದ ಮೇಲಿರಿಸಿ ಭರತನು ರಾಜ್ಯಭಾರ ಮಾಡಿದ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಆದರೂ ನಿತ್ಯದ ಬಾಳಿನಲ್ಲಿ ನಾವು ಪಾದರಕ್ಷೆಯನ್ನು ಹೊಸ್ತಿಲಿನಾಚೆಗೆ ಬಿಡುತ್ತೇವೆ. ಅದರೊಂದಿಗೆ ಅದರ ಯೋಚನೆಯನ್ನೂ ಅಲ್ಲಿಯೇ ಬಿಟ್ಟುಬಿಡುತ್ತೇವೆ. ನಾನೂ ಒಮ್ಮೆ ಹಾಗೆಯೇ ಇದ್ದವನು.

1974ನೆಯ ಇಸವಿಯ ಮಾತು. ನಾನಾಗ ಒಂಬತ್ತನೆಯ ತರಗತಿಗೆ ಸೇರಿದ್ದೆ. ಊರಿನಿಂದ ಪ್ರೌಢಶಾಲೆಗೆ ಮೂರು ಮೈಲಿಗಳ ಕಾಲುಹಾದಿ. ನಮ್ಮ ತಂದೆಯವರು ಅಡಕೆಯ ಕೊಯ್ಲಿನಲ್ಲಿ ದುಡಿದು ಉಳಿಸಿದ್ದ ಹಣದಿಂದ ಶಿವಮೊಗ್ಗೆಯ ಅಂಗಡಿಯೊಂದರಲ್ಲಿ ನನಗೆ ಒಂದು ಜೊತೆ ತೊಗಲಿನ ಬೂಟುಗಳನ್ನು ತಂದುಕೊಟ್ಟರು. ಅದು ನನ್ನ ಬಾಳಿನ ಮೊದಲ ಬೂಟು. ಜೂನ್ ತಿಂಗಳಿನಲ್ಲಿ ಮಲೆನಾಡಿನ ಮಳೆ ಹಿಡಿಯಿತು. ಒಂದು ಸಂಜೆ ಹಳ್ಳ ದಾಟುವಾಗ ಬೂಟುಗಳೆರಡೂ ನೆನೆದು ತೊಪ್ಪೆಯಾದವು. ಬೆಳಗಾಗುವುದರೊಳಗೆ ಒಣಗಲೆಂದು ನಾನು ಅವುಗಳನ್ನು ಬಚ್ಚಲ ಒಲೆಯ ಬಾಯಿಗೆ ಒತ್ತಿ ಇಟ್ಟು ಮಲಗಿದೆ. ಮುಂಜಾನೆ ಎದ್ದು ನೋಡಿದರೆ ಬೂಟುಗಳು ಕೊರಡಿನಂತೆ ಸೆಟೆದುಕೊಂಡಿದ್ದವು. ಮೂತಿ ಮೇಲಕ್ಕೆ ಬಾಗಿತ್ತು. ಬೆರಳು ಮಡಿಯುವ ಎಡೆಯಲ್ಲಿ ತೊಗಲು ಬಿರಿದಿತ್ತು. ಕಾಲು ಒಳಗೆ ಹೋಗಲೊಲ್ಲದು.

ತಂದೆಯವರು ಗದರಲಿಲ್ಲ. ಬೂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಅಲ್ಲಿಯೇ ಇಟ್ಟು ತೋಟಕ್ಕೆ ಹೊರಟರು. ಅವರು ಅಂಗಳ ದಾಟುವಾಗ ನನ್ನ ದೃಷ್ಟಿ ಅವರ ಪಾದಗಳ ಮೇಲೆ ಬಿದ್ದಿತು. ಅವು ಬರಿಯ ಪಾದಗಳು. ಹಿಮ್ಮಡಿಯ ತುಂಬ ಒಡಕುಗಳು. ನಿತ್ಯವೂ ನೋಡುತ್ತಿದ್ದ ಆ ಪಾದಗಳನ್ನು ನಾನು ನಿಜವಾಗಿ ಕಂಡದ್ದು ಅಂದೇ.

ಆ ವಾರದ ಸಂತೆಯಲ್ಲಿ, ಆಲದ ಮರದ ಬುಡದಲ್ಲಿ ಕುಳಿತು ಮೆಟ್ಟು ಹೊಲಿಯುತ್ತಿದ್ದ ಹಿರಿಯರೊಬ್ಬರ ಬಳಿಗೆ ಬೂಟುಗಳನ್ನು ಕೊಂಡುಹೋದೆ. ಅವರು ನಕ್ಕು, “ಮಗು, ಇದು ಸೌದೆಯಲ್ಲ, ತೊಗಲು. ಒಣಗಿಸಬೇಕು, ಸುಡಬಾರದು” ಎಂದರು. ಎಣ್ಣೆ ಸವರಿ, ತಿದ್ದಿ ತೀಡಿ, ಒಡೆದ ಕಡೆಗೆ ತೇಪೆ ಹಾಕಿಕೊಟ್ಟರು. ಆ ತೇಪೆಯ ಬೂಟುಗಳಲ್ಲಿಯೇ ನಾನು ಎಸ್.ಎಸ್.ಎಲ್.ಸಿ. ಮುಗಿಸಿದೆ. ಅಂದು ಅವರು ಹೇಳಿದ ಒಂದು ಮಾತಿನ ಅರ್ಥವನ್ನು ತಿಳಿಯಲು ನನಗೆ ಅನೇಕ ವರ್ಷಗಳೇ ಬೇಕಾದವು. ಅದನ್ನೇ ಇಲ್ಲಿ ನಿಮಗೆ ವಿವರಿಸಲು ಬಯಸುತ್ತೇನೆ.

ತೊಗಲು ಎಂದರೇನು? ಪ್ರಾಣಿಯ ಚರ್ಮವು ಕೊಲಾಜೆನ್ ಎಂಬ ಸಸಾರಜನಕದ ಸೂಕ್ಷ್ಮವಾದ ನಾರುಗಳು ಒಂದರೊಳಗೊಂದು ಹೆಣೆದುಕೊಂಡು ಆದದ್ದು. ಹಸಿಯ ಚರ್ಮವನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಂತೆ ಗಡುಸಾಗುತ್ತದೆ. ಆದುದರಿಂದ ಅದನ್ನು ಹದ ಮಾಡಬೇಕು. ನಮ್ಮ ಹಿರಿಯರು ಚರ್ಮವನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲನ್ನು ತೆಗೆಯುತ್ತಿದ್ದರು. ಅನಂತರ ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ ಮೊದಲಾದವುಗಳ ರಸದಲ್ಲಿ ವಾರಗಟ್ಟಲೆ ಅದ್ದಿ ಇಡುತ್ತಿದ್ದರು. ಈ ವಸ್ತುಗಳಲ್ಲಿರುವ ಒಗರು ಚರ್ಮದ ನಾರುಗಳನ್ನು ಹಿಡಿದುಕೊಂಡು, ಅವು ಕೊಳೆಯದಂತೆ ಮಾಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕ್ರೋಮಿಯಂ ಲವಣಗಳಿಂದ ಬೇಗನೆ ಹದ ಮಾಡುವ ವಿಧಾನವೂ ಬಳಕೆಗೆ ಬಂದಿತು. ವಿಧಾನ ಯಾವುದಾದರೂ ಆಗಲಿ, ಹದವಾದ ಚರ್ಮಕ್ಕೆ ಕೊನೆಯಲ್ಲಿ ಎಣ್ಣೆಯನ್ನೋ ಕೊಬ್ಬನ್ನೋ ಉಣಿಸುತ್ತಾರೆ. ಈ ಜಿಡ್ಡು ನಾರುಗಳ ನಡುವೆ ಇದ್ದು, ಅವು ಒಂದರ ಮೇಲೊಂದು ಸರಾಗವಾಗಿ ಜಾರುವಂತೆ ಮಾಡುತ್ತದೆ. ತೊಗಲಿನ ಮೃದುತ್ವದ ರಹಸ್ಯ ಇದೇ.

ಇಷ್ಟನ್ನು ತಿಳಿದರೆ ನನ್ನ ಬೂಟಿಗೆ ಒದಗಿದ ಗತಿಯ ಕಾರಣವೂ ತಿಳಿಯುತ್ತದೆ. ನೆನೆದ ತೊಗಲಿಗೆ ಒಲೆಯ ಶಾಖ ತಾಕಿದಾಗ ನಾರುಗಳು ಮುದುಡಿ ಕುಗ್ಗುತ್ತವೆ; ನೀರಿನೊಡನೆ ಜಿಡ್ಡಿನ ಹದವೂ ಕೆಡುತ್ತದೆ; ನಾರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಳಿಕ ನಡೆಯುವಾಗ ಅವು ಜಾರಲಾರದೆ ತುಂಡಾಗುತ್ತವೆ. ಅದೇ ಬಿರುಕು. ಒಮ್ಮೆ ಹೀಗೆ ಕುಗ್ಗಿದ ತೊಗಲನ್ನು ಮೊದಲಿನಂತೆ ಮಾಡುವ ಉಪಾಯವಿಲ್ಲ. ಆದುದರಿಂದ ನೆನೆದ ಬೂಟನ್ನು ಒಲೆಯ ಬಳಿಯಲ್ಲಾಗಲಿ ಸುಡುಬಿಸಿಲಿನಲ್ಲಾಗಲಿ ಇಡಬಾರದು. ಮೊದಲು ಕೆಸರನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು. ಲಾಡಿಯನ್ನು ಬಿಚ್ಚಿ, ನಾಲಗೆಯನ್ನು ಮುಂದಕ್ಕೆಳೆದು, ಒಳಗೆ ಹಳೆಯ ವೃತ್ತಪತ್ರಿಕೆಯ ಹಾಳೆಗಳನ್ನು ಮುದುರಿ ತುಂಬಬೇಕು. ಕಾಗದವು ಒಳಗಿನ ತೇವವನ್ನು ಹೀರುತ್ತದೆ. ಬೂಟಿನ ಆಕಾರವನ್ನೂ ಉಳಿಸುತ್ತದೆ. ಕೆಲವು ಗಂಟೆಗಳಿಗೊಮ್ಮೆ ಕಾಗದವನ್ನು ಬದಲಾಯಿಸಿ, ಗಾಳಿಯಾಡುವ ನೆರಳಿನಲ್ಲಿ, ಅಟ್ಟೆಗೂ ಗಾಳಿ ತಗಲುವಂತೆ ಮಗ್ಗುಲಾಗಿಸಿ ಇಡಬೇಕು. ಒಂದೆರಡು ದಿನ ತಡವಾದರೂ ಚಿಂತೆಯಿಲ್ಲ.

ಹೊರಗಿನ ನೀರಿನಂತೆಯೇ ಒಳಗಿನ ಬೆವರೂ ಪಾದರಕ್ಷೆಗೆ ಶತ್ರು. ಬೆವರಿನಲ್ಲಿ ನೀರು ಮಾತ್ರವಲ್ಲದೆ ಲವಣವೂ ಇರುತ್ತದೆ. ದಿನವಿಡೀ ತೊಟ್ಟ ಬೂಟಿನ ಒಳಗೆ ಸೇರಿದ ತೇವವು ಒಂದು ರಾತ್ರಿಯಲ್ಲಿ ಪೂರ್ಣವಾಗಿ ಆರುವುದಿಲ್ಲ. ಅನುಕೂಲವಿದ್ದವರು ಎರಡು ಜೊತೆಗಳನ್ನು ದಿನ ಬಿಟ್ಟು ದಿನ ತೊಟ್ಟರೆ, ಎರಡೂ ಬಹುಕಾಲ ಬಾಳುತ್ತವೆ. ಒಂದೇ ಜೊತೆಯುಳ್ಳವರು ಶಾಲೆಯಿಂದ ಬಂದೊಡನೆ ಅದನ್ನು ಕಳಚಿ, ಬಾಯ್ದೆರೆದು ಗಾಳಿಗಿಡಬೇಕು. ಕಾಲುಚೀಲವನ್ನು ಅದರೊಳಗೆ ತುರುಕದೆ ನಿತ್ಯವೂ ಒಗೆಯಬೇಕು. ರಜೆಯ ದಿನ ಬೂಟಿಗೂ ರಜೆ ಕೊಡಬೇಕು. ಬೆಳಗ್ಗೆ ತೊಡುವ ಮುನ್ನ ಒಮ್ಮೆ ಬೋರಲಾಗಿ ಕೊಡವುವುದನ್ನು ಮರೆಯಬೇಡಿ. ಕತ್ತಲೆಯ ಬಿಲವೆಂದು ಚೇಳು ಒಳಗೆ ಸೇರಿಕೊಂಡಿರಬಹುದು.

ಇನ್ನು ಪಾಲಿಶ್ ಮಾಡುವ ವಿಷಯ. ಇದು ಕೇವಲ ಹೊಳಪಿನ ಆಡಂಬರವೆಂದು ಹಲವರು ತಿಳಿಯುತ್ತಾರೆ. ಪಾಲಿಶ್ ಡಬ್ಬಿಯಲ್ಲಿರುವುದು ಮುಖ್ಯವಾಗಿ ಮೇಣ, ಬಣ್ಣ ಮತ್ತು ಅವುಗಳನ್ನು ಕರಗಿಸುವ ಟರ್ಪೆಂಟೈನ್‌ನಂತಹ ದ್ರವ. ಹಚ್ಚಿದ ಬಳಿಕ ದ್ರವವು ಆರಿಹೋಗಿ ಮೇಣವು ಮಾತ್ರ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಬ್ರಷ್ಷಿನಿಂದ ಉಜ್ಜಿದಾಗ ಹುಟ್ಟುವ ಶಾಖಕ್ಕೆ ಆ ಮೇಣ ಮೆದುವಾಗಿ ಸಮವಾಗಿ ಹರಡುತ್ತದೆ. ಸಮವಾದ ಮೇಲ್ಮೈಯ ಮೇಲೆ ಬೆಳಕು ಬಿದ್ದಾಗ ಹೊಳಪು ಕಾಣುತ್ತದೆ. ಆ ಪೊರೆಯು ನೀರನ್ನೂ ಧೂಳನ್ನೂ ತಡೆಯುವ ಕವಚ. ಆದರೆ ಧೂಳಿನ ಮೇಲೆಯೇ ಪಾಲಿಶ್ ಬಳಿಯುವುದು ತಪ್ಪು. ಧೂಳಿನ ಕಣಗಳು ಮರಳುಕಾಗದದಂತೆ ತೊಗಲನ್ನು ಸವೆಸುತ್ತವೆ. ಮೊದಲು ಧೂಳನ್ನು ಹೊಡೆದು, ಒರೆಸಿ, ಅನಂತರ ಅತ್ಯಲ್ಪ ಪಾಲಿಶನ್ನು ಹಚ್ಚಿ, ಕೆಲವು ನಿಮಿಷ ಆರಲು ಬಿಟ್ಟು ಉಜ್ಜಬೇಕು. ಮೇಣವು ಹೊರಗಿನ ರಕ್ಷೆಯೇ ಹೊರತು ಒಳಗಿನ ಆಹಾರವಲ್ಲ. ಆದುದರಿಂದ ಆಗಾಗ್ಗೆ ತೊಗಲಿಗೆಂದೇ ತಯಾರಿಸಿದ ಜಿಡ್ಡಿನ ಕ್ರೀಮನ್ನು ತೆಳ್ಳಗೆ ಸವರುವುದು ಹಿತಕರ. ಹೆಚ್ಚು ಎಣ್ಣೆ ಸುರಿದರೆ ತೊಗಲು ಜೋತುಬಿದ್ದು ಹೊಲಿಗೆ ಸಡಿಲವಾಗುತ್ತದೆ. ಎಲ್ಲದರಲ್ಲಿಯೂ ಮಿತಿ ಲೇಸು.

ಇಂದಿನ ಶಾಲಾಬೂಟುಗಳಲ್ಲಿ ಅನೇಕವು ತೊಗಲಿನವಲ್ಲ. ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ಲೇಪವಿರುವಂಥವು. ಇವುಗಳಿಗೆ ಎಣ್ಣೆ, ಕ್ರೀಮುಗಳು ಇಳಿಯುವುದಿಲ್ಲ. ಒದ್ದೆಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು. ಇವುಗಳ ಮೂಲಕ ಗಾಳಿಯಾಡುವುದಿಲ್ಲವಾದ್ದರಿಂದ ಒಳಗಿನ ತೇವದ ಬಗ್ಗೆ ಮಾತ್ರ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬಿಳಿಯ ಕ್ಯಾನ್ವಾಸ್ ಬೂಟನ್ನು ಸಾಬೂನಿನಿಂದ ಉಜ್ಜಿ ತೊಳೆಯಬಹುದು. ಆದರೆ ಸಾಬೂನಿನ ಅಂಶ ಉಳಿಯದಂತೆ ನೀರಿನಲ್ಲಿ ಹಲವು ಬಾರಿ ಜಾಲಿಸಬೇಕು. ಇಲ್ಲವಾದರೆ ಒಣಗಿದಾಗ ಹಳದಿಯ ಕಲೆಗಳೇಳುತ್ತವೆ.

ತೊಡದೆ ಎತ್ತಿಡುವ ಪಾದರಕ್ಷೆಗಳ ರಕ್ಷಣೆ ಬೇರೊಂದು ಬಗೆಯದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಭದ್ರವೆಂದು ಜನರು ಭಾವಿಸುತ್ತಾರೆ. ಆದರೆ ಒಳಗಿನ ತೇವ ಹೊರಹೋಗಲಾರದೆ ಬೂಷ್ಟು ಬೆಳೆಯುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದಲ್ಲಿ ಈ ಬಾಧೆ ಅಧಿಕ. ಬೂಷ್ಟು ಕಂಡರೆ ಮನೆಯ ಹೊರಗೆ ಒಣ ಬ್ರಷ್ಷಿನಿಂದ ಉದುರಿಸಿ, ನೀರು ಬೆರೆಸಿದ ವಿನಿಗರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ಎತ್ತಿಡುವ ಮುನ್ನ ಶುಚಿಮಾಡಿ, ಒಣಗಿಸಿ, ಕ್ರೀಮು ಸವರಿ, ಒಳಗೆ ಕಾಗದ ತುಂಬಿ, ಹತ್ತಿಬಟ್ಟೆಯ ಚೀಲದಲ್ಲಿ ಇಡುವುದು ಉತ್ತಮ. ಒಂದರ ಮೇಲೊಂದು ಒಟ್ಟಬಾರದು. ನೆಲಕ್ಕೆ ತಾಗಿಸಿಯೂ ಇಡಬಾರದು. ತಿಂಗಳಿಗೊಮ್ಮೆ ಹೊರತೆಗೆದು ಗಾಳಿಗೆ ಒಡ್ಡಬೇಕು.

ಎಷ್ಟೇ ಭದ್ರವಾಗಿ ಇಟ್ಟರೂ ಕೆಲವು ಪಾದರಕ್ಷೆಗಳು ಇಟ್ಟಲ್ಲಿಯೇ ನಾಶವಾಗುವುದುಂಟು. ಈಗಿನ ಅನೇಕ ಬೂಟುಗಳ ಅಟ್ಟೆಯನ್ನು ಪಾಲಿಯುರಿಥೇನ್ ಎಂಬ ಹಗುರವಾದ ವಸ್ತುವಿನಿಂದ ಮಾಡುತ್ತಾರೆ. ಗಾಳಿಯಲ್ಲಿರುವ ನೀರಿನ ಆವಿಯು ಈ ವಸ್ತುವಿನ ಅಣುಸರಪಣಿಗಳನ್ನು ಮೆಲ್ಲಮೆಲ್ಲಗೆ ಕತ್ತರಿಸುತ್ತದೆ. ಸೆಕೆಯಲ್ಲಿ ಈ ಕ್ರಿಯೆ ಇನ್ನೂ ಚುರುಕಾಗುತ್ತದೆ. ಮದುವೆಗೆಂದು ಕೊಂಡು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ ಹೊಸ ಬೂಟು, ಕೆಲವು ವರ್ಷಗಳ ಬಳಿಕ ತೊಟ್ಟು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಟ್ಟೆ ಪುಡಿಪುಡಿಯಾಗಿ ಉದುರುವುದು ಇದರಿಂದಲೇ. ಬಳಸದಿದ್ದರೆ ಉಳಿಯುತ್ತದೆ ಎಂಬ ಲೋಭಿಯ ಲೆಕ್ಕ ಇಲ್ಲಿ ಸಲ್ಲದು. ಹಿತಮಿತವಾಗಿ ಬಳಸುವುದು, ಬಳಸಿದ್ದನ್ನು ಪಾಲಿಸುವುದು, ಇವೇ ಬಾಳಿಕೆಯ ದಾರಿ.

ಪಾಲನೆಯ ಜೊತೆಗೆ ಸಕಾಲದ ದುರಸ್ತಿಯೂ ಬೇಕು. ಲಾಡಿಯನ್ನು ಬಿಚ್ಚದೆ ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿಯನ್ನು ತುಳಿದು ಕಳಚುವ ಚಟ ನಿಮ್ಮಲ್ಲಿ ಅನೇಕರಿಗಿರಬಹುದು. ಇದರಿಂದ ಹಿಂಬದಿಯ ಗಟ್ಟಿಭಾಗ ಮುರಿದು, ಬೂಟು ಆಕಾರಗೆಡುತ್ತದೆ. ಹಿಮ್ಮಡಿಯ ಅಟ್ಟೆ ಒಂದೇ ಪಕ್ಕಕ್ಕೆ ಸವೆದಾಗ ನಡಿಗೆಯೂ ಓರೆಯಾಗಿ ಕಾಲುನೋವಿಗೆ ಎಡೆಯಾಗಬಹುದು. ಒಂದು ಹೊಲಿಗೆ ಬಿಟ್ಟಾಗಲೇ ಹಾಕಿಸಿದರೆ ಮುಗಿಯುವ ಕೆಲಸವು, ಉದಾಸೀನ ಮಾಡಿದರೆ ಇಡೀ ಅಟ್ಟೆಯನ್ನೇ ಬಲಿತೆಗೆದುಕೊಳ್ಳುತ್ತದೆ.

ಈ ದುರಸ್ತಿಯನ್ನು ಮಾಡುವ ಕೈಗಳನ್ನು ನಾವು ಸ್ಮರಿಸಬೇಕು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಿಗಳು, ತೊಗಟೆಯ ರಸದಲ್ಲಿ ಹದಗೊಳಿಸಿದ ಚರ್ಮವನ್ನು ತೊಗಲಿನ ದಾರದಿಂದಲೇ ಹೊಲಿದು ಮಾಡುವ ಕೊಲ್ಲಾಪುರಿ ಚಪ್ಪಲಿಗಳು ಲೋಕಪ್ರಸಿದ್ಧವಾಗಿವೆ. 2019ರಲ್ಲಿ ಈ ಚಪ್ಪಲಿಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಪಾಲು ಪಡೆದವು. ಇಂತಹ ಕಲೆಯನ್ನು ಉಳಿಸಿಕೊಂಡು ಬಂದವರನ್ನೇ ಸಮಾಜವು ಬಹುಕಾಲ ಊರಿನ ಹೊರಗಿರಿಸಿ ಅವಮಾನಿಸಿತು ಎಂಬುದು ನಾವು ತಲೆತಗ್ಗಿಸಬೇಕಾದ ಸಂಗತಿ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನೂ ಅವನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಮೆಟ್ಟುಗಳನ್ನು ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂದೂ, ಅವರು ಅವುಗಳನ್ನು ಕಾಲಿಗೆ ತೊಡದೆ ತಲೆಯ ಮೇಲೆ ಹೊತ್ತರೆಂದೂ ಪರಂಪರೆಯ ಕಥೆ ಹೇಳುತ್ತದೆ. ಕಾಯಕದಲ್ಲಿ ಮೇಲುಕೀಳಿಲ್ಲ ಎಂಬುದೇ ಆ ಕಥೆಯ ತಿರುಳು.

ಸಂತೆಯ ಆ ಹಿರಿಯರು ಅಂದು ನನ್ನ ಕೈಗೆ ಬೂಟುಗಳನ್ನು ಕೊಡುತ್ತ ಆಡಿದ ಮಾತು ಇದು: “ಇದರಲ್ಲಿ ಒಂದು ದನದ ಮೈ ಇದೆ, ಹದ ಮಾಡಿದವನ ಬೆವರು ಇದೆ, ನಿಮ್ಮಪ್ಪನ ದುಡಿಮೆ ಇದೆ. ನಿನ್ನದು ಎಂಬುದು ಇದರಲ್ಲಿ ಇನ್ನೂ ಏನೂ ಇಲ್ಲ.” ಅಂದು ಸಂಜೆಯಿಂದ ಬೂಟುಗಳನ್ನು ಒರೆಸಿ ಗಾಳಿಗಿಡುವುದು ನನ್ನ ನಿತ್ಯದ ಕೆಲಸವಾಯಿತು. ಎರಡು ವರ್ಷಗಳ ಬಳಿಕ ಅವು ನನ್ನ ಕಾಲಿಗೆ ಚಿಕ್ಕವಾದಾಗ, ತೇಪೆಯೊಂದನ್ನು ಬಿಟ್ಟರೆ ಬೇರೆ ಊನವಿರಲಿಲ್ಲ. ತಮ್ಮನು ಅವುಗಳನ್ನು ತೊಟ್ಟು ಅದೇ ಕಾಲುಹಾದಿಯಲ್ಲಿ ಶಾಲೆಗೆ ನಡೆದನು. ನಾನು ಉಪಾಧ್ಯಾಯನಾಗಿ ಮೊದಲ ಸಂಬಳ ಪಡೆದಾಗ ತಂದೆಯವರಿಗೆ ಒಂದು ಜೊತೆ ಚಪ್ಪಲಿಗಳನ್ನು ಕೊಂಡುಕೊಟ್ಟೆ. ಅವರು ಅವುಗಳನ್ನು ಪ್ರತಿದಿನವೂ ಒರೆಸಿ, ಜಗಲಿಯ ಮೂಲೆಯಲ್ಲಿ ಜೋಡಿಸಿಡುತ್ತಿದ್ದರು. ಹಾಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.