ಸಾಕೆಟ್ ನೋಡಿ ಸಂಬಂಧ: ಗೇಮಿಂಗ್ ಕಂಪ್ಯೂಟರಿನ ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಗೇಮಿಂಗ್ ಕಂಪ್ಯೂಟರಿನ ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಅಂಗಡಿಯಲ್ಲಿ ಎರಡು ಪೆಟ್ಟಿಗೆಗಳಲ್ಲಿ ಸಿಗುತ್ತವೆ; ಆಯ್ಕೆ ಮಾತ್ರ ಒಂದೇ. ಪ್ರೊಸೆಸರ್ ಲೆಕ್ಕ ಮಾಡುವ ಚಿಪ್. ಮದರ್‌ಬೋರ್ಡ್ ಆ ಚಿಪ್ಪಿಗೆ ಕೂರಲು ಜಾಗ ಕೊಟ್ಟು, ವಿದ್ಯುತ್ತನ್ನು ಹದಮಾಡಿ ಉಣಿಸಿ, ಮೆಮೊರಿ, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗಳೊಂದಿಗೆ ಅದನ್ನು ಬೆಸೆಯುವ ಹಲಗೆ. ಚಿಪ್ ಕೂರುವ ಚೌಕಕ್ಕೆ ಸಾಕೆಟ್ ಎಂದು ಹೆಸರು. ಒಂದು ಸಾಕೆಟ್ಟಿಗೆಂದು ಮಾಡಿದ ಪ್ರೊಸೆಸರ್ ಇನ್ನೊಂದರಲ್ಲಿ ಕೂರುವುದಿಲ್ಲ. ಸಾಕೆಟ್ ಯಾವುದೆಂದು ನಿಶ್ಚಯವಾದರೆ ಬೋರ್ಡಿನ ಬಗೆ, ಮೆಮೊರಿಯ ಬಗೆ, ನಾಲ್ಕೈದು ವರ್ಷಗಳ ಮೇಲೆ ಹಾಕಬಹುದಾದ ಹೊಸ ಪ್ರೊಸೆಸರ್, ಎಲ್ಲವೂ ಬಹುಮಟ್ಟಿಗೆ ನಿಶ್ಚಯವಾದಂತೆಯೇ.

ಮನೆಬಳಕೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಇಂಥ ಪ್ರೊಸೆಸರ್ ಮಾಡುವ ಪ್ರಮುಖ ಕಂಪನಿಗಳು ಎರಡು: ಇಂಟೆಲ್ ಮತ್ತು ಎಎಂಡಿ. ಎರಡರ ಪ್ರಧಾನ ಕಚೇರಿಯೂ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಅಂಟಿಕೊಂಡ ಸಾಂಟಾ ಕ್ಲಾರಾ ಊರಿನಲ್ಲಿದೆ. ಇಂಟೆಲ್ 1968ರಲ್ಲಿ, ಎಎಂಡಿ 1969ರಲ್ಲಿ ಹುಟ್ಟಿದವು. ಎರಡನ್ನೂ ಕಟ್ಟಿದವರು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಒಂದೇ ಕಂಪನಿಯಿಂದ ಹೊರಬಂದವರು. ಗ್ರಾಫಿಕ್ಸ್ ಚಿಪ್ಪುಗಳ ಎನ್‌ವಿಡಿಯಾ ಇರುವುದೂ ಸಾಂಟಾ ಕ್ಲಾರಾದಲ್ಲೇ. 1993ರಲ್ಲಿ ಅದರ ಯೋಚನೆ ಮೊಳೆತದ್ದು ಸ್ಯಾನ್ ಹೊಸೆಯ ಡೆನ್ನೀಸ್ ಹೋಟೆಲಿನ ಮೇಜಿನ ಸುತ್ತ. ವಿನ್ಯಾಸದ ಒಂದು ಪಾಲು ಬೆಂಗಳೂರಿನದೂ ಹೌದು. ಇಂಟೆಲ್‌ನ ಆರು ಕೋರ್‌ಗಳ ಸರ್ವರ್ ಪ್ರೊಸೆಸರ್ ಜಿಯಾನ್ 7400 ಬೆಂಗಳೂರಿನಲ್ಲಿ ರೂಪುಗೊಂಡು 2008ರಲ್ಲಿ ಬಿಡುಗಡೆಯಾಯಿತು. ಎಎಂಡಿ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಅಲ್ಲಿ ತೆರೆಯಿತು.

1981ರ ಐಬಿಎಂ ಪಿಸಿಯಲ್ಲಿದ್ದದ್ದು ಇಂಟೆಲ್‌ನ 8088 ಚಿಪ್. ಒಂದೇ ಕಂಪನಿಯನ್ನು ನಂಬಿ ಕೂರಲು ಐಬಿಎಂ ಒಪ್ಪದ ಕಾರಣ ಅದೇ ಬಗೆಯ ಚಿಪ್ ಮಾಡುವ ಹಕ್ಕು 1982ರಲ್ಲಿ ಎಎಂಡಿಗೂ ಸಿಕ್ಕಿತು. 2003ರಲ್ಲಿ ಎಎಂಡಿ ಆ ಚಿಪ್ಪುಗಳ ಆದೇಶಮಾಲೆಯನ್ನು, ಅಂದರೆ ಅವುಗಳಿಗೆ ಅರ್ಥವಾಗುವ ಭಾಷೆಯನ್ನು, 64 ಬಿಟ್‌ಗೆ ವಿಸ್ತರಿಸಿದಾಗ ಇಂಟೆಲ್ ಅದನ್ನು ತನ್ನದಾಗಿಸಿಕೊಂಡಿತು. ಈ ಕೊಡುಕೊಳ್ಳುವಿಕೆಯಿಂದಾಗಿ ಎರಡೂ ಕಂಪನಿಗಳ ಪ್ರೊಸೆಸರುಗಳು ಒಂದೇ ವಿಂಡೋಸನ್ನು, ಒಂದೇ ಗೇಮನ್ನು ಓಡಿಸುತ್ತವೆ. ಭಾಷೆ ಒಂದಾದರೂ ಸಾಕೆಟ್ ಬೇರೆ. ಒಂದು ಕಂಪನಿಯ ಚಿಪ್ಪಿಗೆ ಇನ್ನೊಂದರ ಬೋರ್ಡು ಆಗಿಬರುವುದಿಲ್ಲ.

ಮೊದಲು ನೋಡಬೇಕಾದದ್ದು ಪರದೆ

ಗೇಮ್ ಎಂದರೆ ಒಂದರ ಹಿಂದೊಂದು ಮೂಡುವ ಚಿತ್ರಗಳ ಸಾಲು. ಒಂದೊಂದು ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಪ್ರತಿ ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡು. 144 ಫ್ರೇಮಿಗೆ 6.9, 240 ಫ್ರೇಮಿಗೆ 4.2 ಮಿಲಿಸೆಕೆಂಡು. ಇಷ್ಟರೊಳಗೆ ಎರಡು ಕೆಲಸ ಮುಗಿಯಬೇಕು. ಆಟಗಾರ ಒತ್ತಿದ ಗುಂಡಿ ಯಾವುದು, ಎದುರಾಳಿ ಎತ್ತ ತಿರುಗುತ್ತಾನೆ, ಸಿಡಿದ ಗೋಡೆಯ ಚೂರು ಎಲ್ಲಿ ಬೀಳುತ್ತದೆ ಎಂದು ಲೆಕ್ಕಹಾಕಿ, ಯಾವುದನ್ನು ಎಲ್ಲಿ ಬಿಡಿಸಬೇಕೆಂಬ ಪಟ್ಟಿ ಬರೆಯುವುದು ಪ್ರೊಸೆಸರಿನ ಪಾಲು. ಆ ಪಟ್ಟಿಯಂತೆ ಬಿಡಿಸಿ ಬಣ್ಣ, ಬೆಳಕು ತುಂಬುವುದು ಗ್ರಾಫಿಕ್ಸ್ ಕಾರ್ಡಿನ ಪಾಲು. ಒಂದು ಫ್ರೇಮಿಗೆ ಪ್ರೊಸೆಸರ್ 6 ಮಿಲಿಸೆಕೆಂಡು, ಕಾರ್ಡು 14 ಮಿಲಿಸೆಕೆಂಡು ತೆಗೆದುಕೊಂಡರೆ ಆಟದ ವೇಗ ಫ್ರೇಮಿಗೆ 14 ಮಿಲಿಸೆಕೆಂಡಿಗೇ ನಿಲ್ಲುತ್ತದೆ. ಉಳಿದ 8 ಮಿಲಿಸೆಕೆಂಡು ಪ್ರೊಸೆಸರ್ ಸುಮ್ಮನೆ ಕಾಯುತ್ತದೆ. ಅಲ್ಲಿ ಇನ್ನೂ ದುಬಾರಿ ಪ್ರೊಸೆಸರ್ ಹಾಕಿದರೆ ಹೆಚ್ಚುವುದು ಆ ಕಾಯುವಿಕೆಯೊಂದೇ.

ಯಾರು ಯಾರಿಗಾಗಿ ಕಾಯಬೇಕೆಂಬುದನ್ನು ಬಹಳಷ್ಟು ಮಟ್ಟಿಗೆ ತೀರ್ಮಾನಿಸುವುದು ಮಾನಿಟರು. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿದ್ದರೆ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಚುಕ್ಕಿ ನಾಲ್ಕು ಪಟ್ಟಾದರೆ ಹೊರೆ ಬೀಳುವುದು ಕಾರ್ಡಿನ ಮೇಲೆ; ಎದುರಾಳಿಗಳ ಸಂಖ್ಯೆಯಾಗಲಿ ಗೋಡೆಯ ಚೂರುಗಳಾಗಲಿ ಹೆಚ್ಚದ ಕಾರಣ ಪ್ರೊಸೆಸರಿನ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 4ಕೆ ಪರದೆಯಲ್ಲಿ ಕಥಾಪ್ರಧಾನ ಗೇಮ್ ಆಡುವವರಿಗೆ ನಡುವಣ ದರ್ಜೆಯ ಪ್ರೊಸೆಸರ್ ಸಾಕು. ಉಳಿದ ಹಣ ಕಾರ್ಡಿಗೆ ಹೋಗಬೇಕು. ಸೆಕೆಂಡಿಗೆ 240 ಫ್ರೇಮ್ ತೋರಿಸುವ 1080 ಪರದೆಯಲ್ಲಿ ಶೂಟಿಂಗ್ ಪಂದ್ಯ ಆಡುವವರಿಗೆ, ಊರು ಕಟ್ಟುವ, ಸಾಮ್ರಾಜ್ಯ ಆಳುವ ಗೇಮ್‌ಗಳನ್ನು ಹಚ್ಚಿಕೊಂಡವರಿಗೆ ಪ್ರೊಸೆಸರೇ ಮುಖ್ಯ.

ಕೋರ್ ಎಷ್ಟು, ಕ್ಯಾಶ್ ಎಷ್ಟು

ಇಂದಿನ ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡುವ ಹಲವು ಕೋರ್‌ಗಳಿರುತ್ತವೆ. ಬಹುತೇಕ ಗೇಮ್‌ಗಳಲ್ಲಿ ಒಂದು ಮುಖ್ಯ ಎಳೆಯ ಕೆಲಸ ಮುಗಿಯುವತನಕ ಉಳಿದವು ಕಾಯಬೇಕಾಗುತ್ತದೆ. ಹದಿನಾರು ಸಾಧಾರಣ ಕೋರ್‌ಗಳಿಗಿಂತ ಎಂಟು ಚುರುಕಾದ ಕೋರ್‌ಗಳು ಮೇಲೆನಿಸುವುದು ಇದರಿಂದ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಇರುವುದು ಎಂಟು ಕೋರ್‌ಗಳ ಎಎಂಡಿ ಪ್ರೊಸೆಸರ್. ಗೇಮ್ ಬರೆಯುವವರೂ ಅಷ್ಟನ್ನೇ ಲೆಕ್ಕದಲ್ಲಿಟ್ಟುಕೊಳ್ಳುತ್ತಾರೆ. ಹಣ ಮಿತಿಯಲ್ಲಿದ್ದರೆ ಆರು ಕೋರ್, ಅನುಕೂಲವಿದ್ದರೆ ಎಂಟು, ಇದು ಸದ್ಯದ ಸಮಂಜಸ ಲೆಕ್ಕ. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಬಿಡಿಸಿ ಓದುವುದೂ ಮುಖ್ಯ. ಇಂಟೆಲ್ 2021ರ 12ನೇ ಪೀಳಿಗೆಯಿಂದ ದೊಡ್ಡ ಕೋರ್ ಮತ್ತು ಮಿತವ್ಯಯದ ಸಣ್ಣ ಕೋರ್‌ಗಳನ್ನು ಬೆರೆಸುತ್ತಿದೆ. ಅದರ ಐ9-14900ಕೆ ಪ್ರೊಸೆಸರಿನ 24 ಕೋರ್‌ಗಳಲ್ಲಿ ದೊಡ್ಡವು ಎಂಟೇ.

ಕೋರ್ ಎಷ್ಟೇ ಚುರುಕಾದರೂ ಮಾಹಿತಿ ಕೈಗೆ ಸಿಗದಿದ್ದರೆ ಕೆಲಸ ಸಾಗದು. 5 ಗಿಗಾಹರ್ಟ್ಸ್‌ನಲ್ಲಿ ಓಡುವ ಪ್ರೊಸೆಸರಿನ ಒಂದು ಬಡಿತಕ್ಕೆ ಹಿಡಿಯುವ ಕಾಲ 0.2 ನ್ಯಾನೊಸೆಕೆಂಡು, ಅಷ್ಟರಲ್ಲಿ ಬೆಳಕು ಕೂಡ ಆರು ಸೆಂಟಿಮೀಟರಿನಷ್ಟೇ ಸಾಗುತ್ತದೆ. ಬೋರ್ಡಿನ ಮೇಲಿನ ಮೆಮೊರಿಯಿಂದ ಒಂದು ಮಾಹಿತಿ ತರಲು ಬೇಕಾಗುವುದು ಸುಮಾರು 80 ನ್ಯಾನೊಸೆಕೆಂಡು, ಅಂದರೆ 400 ಬಡಿತ. ಎಣ್ಣೆ ಕಾದಿದೆ, ಸಾಸಿವೆ ಒಗ್ಗರಣೆ ಡಬ್ಬಿಯಲ್ಲಿದ್ದರೆ ಕೈಚಾಚಿದರಾಯಿತು. ಡಬ್ಬಿ ಖಾಲಿಯಾಗಿ ಬೀದಿಯ ಕೊನೆಯ ಅಂಗಡಿಗೆ ಓಡಬೇಕಾದರೆ ಎಣ್ಣೆ ಹೊಗೆಯಾಡುತ್ತದೆ. ಚಿಪ್ಪಿನೊಳಗೇ ಇರುವ ಕ್ಯಾಶ್ ಮೆಮೊರಿ ಪ್ರೊಸೆಸರಿನ ಒಗ್ಗರಣೆ ಡಬ್ಬಿ. ಗೇಮ್‌ನಲ್ಲಿ ಮುಂದೆ ಯಾವ ಮಾಹಿತಿ ಬೇಕಾದೀತೆಂದು ಊಹಿಸುವುದು ಕಷ್ಟವಾದ್ದರಿಂದ ಡಬ್ಬಿ ದೊಡ್ಡದಿದ್ದಷ್ಟೂ ಅಂಗಡಿಯ ಓಟ ತಪ್ಪುತ್ತದೆ.

ಎಎಂಡಿ 2022ರ ಏಪ್ರಿಲ್‌ನಲ್ಲಿ ತಂದ ರೈಜನ್ 7 5800ಎಕ್ಸ್3ಡಿ ಇದೇ ತತ್ವದ ಮೇಲೆ ನಿಂತಿತ್ತು. ಚಿಪ್ಪಿನಲ್ಲಿದ್ದ 32 ಮೆಗಾಬೈಟ್ ಕ್ಯಾಶ್ ಮೇಲೆ 64 ಮೆಗಾಬೈಟಿನ ಇನ್ನೊಂದು ಪದರವನ್ನು ಹೊಂದಿಸಿ ಒಟ್ಟು 96 ಮೆಗಾಬೈಟ್ ಮಾಡಲಾಗಿತ್ತು. ಮೇಲಿನ ಪದರ ಕಂಬಳಿಯಂತೆ ಕೋರ್‌ಗಳ ಶಾಖವನ್ನು ತಡೆಯುತ್ತಿದ್ದುದರಿಂದ ವೇಗ ತಗ್ಗಿಸಬೇಕಾಯಿತು. 2024ರ ನವೆಂಬರಿನ ರೈಜನ್ 7 9800ಎಕ್ಸ್3ಡಿಯಲ್ಲಿ ಆ ಪದರ ಕೋರ್‌ಗಳ ಕೆಳಕ್ಕೆ ಸರಿಯಿತು; ಕೋರ್‌ಗಳು ಕೂಲರಿಗೆ ಹತ್ತಿರವಾಗಿ ವೇಗ 5.2 ಗಿಗಾಹರ್ಟ್ಸ್ ಮುಟ್ಟಿತು. ಹದಿನಾರು ಕೋರ್‌ಗಳ 9950ಎಕ್ಸ್3ಡಿಯಲ್ಲಿ ಈ ಹೆಚ್ಚುವರಿ ಕ್ಯಾಶ್ ಎಂಟು ಕೋರ್‌ಗಳ ಪಾಲಿಗಷ್ಟೇ ಇದೆ. ಬರೀ ಗೇಮ್ ಆಡುವವರಿಗೆ ಎಂಟು ಕೋರಿನದೇ ಸಾಕು. ವಿಡಿಯೊ ಸಂಕಲನ, ಅನಿಮೇಷನ್ ಕೆಲಸವೂ ಇದ್ದರೆ ದೊಡ್ಡದರ ಬೆಲೆಗೆ ಅರ್ಥವಿದೆ.

ಹೆಸರಿನ ಕೊನೆಯ ಅಕ್ಷರಕ್ಕೂ ಅರ್ಥವುಂಟು. ಇಂಟೆಲ್‌ನಲ್ಲಿ ‘ಕೆ’ ಎಂದರೆ ನಿಗದಿತ ವೇಗ ಮೀರಿಸಲು ಅವಕಾಶವಿದೆಯೆಂದು. ‘ಎಫ್’ ಎಂದರೆ ಚಿಪ್ಪಿನೊಳಗೆ ಗ್ರಾಫಿಕ್ಸ್ ಇಲ್ಲವೆಂದು. ಎಎಂಡಿಯ ಹೊಸ ಚಿಪ್ಪುಗಳಲ್ಲೂ ಅದೇ ಅರ್ಥ. ಬೇರೆ ಕಾರ್ಡು ಹಾಕುವವರಿಗೆ ‘ಎಫ್’ ಅಗ್ಗವಾದರೂ ಕಾರ್ಡು ಕೆಟ್ಟ ದಿನ ಪರದೆ ಕತ್ತಲಾಗುತ್ತದೆ.

ಸಾಕೆಟ್ಟಿನ ಆಯಸ್ಸು

ಎಎಂಡಿ 2016ರಲ್ಲಿ ತಂದ ಎಎಂ4 ಸಾಕೆಟ್ ದೀರ್ಘಾಯುಷಿ. 2017ರಲ್ಲಿ ಕೊಂಡ ಹಲವು ಬೋರ್ಡುಗಳಲ್ಲಿ ಕಂಪ್ಯೂಟರನ್ನು ಶುರುಮಾಡುವ ಬಯಾಸ್ ತಂತ್ರಾಂಶ ನವೀಕರಿಸಿ 2022ರ 5800ಎಕ್ಸ್3ಡಿಯನ್ನು ಕೂರಿಸಬಹುದಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ಬಂದ ಎಎಂ5 ಸಾಕೆಟ್ಟನ್ನು 2027 ಮತ್ತು ಅದರಾಚೆಗೂ ಬೆಂಬಲಿಸುವುದಾಗಿ ಕಂಪನಿ ಹೇಳಿದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13, 14ನೇ ಪೀಳಿಗೆಗಳಿಗೆ ಆಗಿಬಂತು. 2024ರ ಅಕ್ಟೋಬರಿನ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851 ಬೇಕಾಯಿತು. ಎಲ್‌ಜಿಎ ಹೆಸರಿನ ಸಂಖ್ಯೆ ಚಿಪ್ಪಿಗೂ ಬೋರ್ಡಿಗೂ ನಡುವಿನ ಸಂಪರ್ಕಬಿಂದುಗಳ ಲೆಕ್ಕ. ಎಎಂ5ರಲ್ಲಿ ಅವು 1718.

ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿದ್ದವು. ಎಎಂ5 ಮತ್ತು ಎಲ್‌ಜಿಎಗಳಲ್ಲಿ ಬೋರ್ಡಿನ ಮೇಲಿವೆ. ಕೂದಲೆಳೆಯಂಥ ಒಂದು ಪಿನ್ ಬಾಗಿದರೂ ಬೋರ್ಡು ಕೈಕೊಡಬಹುದು. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳವನ್ನು ಜೋಪಾನವಾಗಿ ಎತ್ತಿಡುವುದು ಇದಕ್ಕಾಗಿಯೇ, ಬೋರ್ಡನ್ನು ಹಿಂದಿರುಗಿಸುವಾಗ ಅದು ಬೇಕಾಗುತ್ತದೆ.

ಸಾಕೆಟ್ ಹೊಂದಿದ ಮಾತ್ರಕ್ಕೆ ಬೋರ್ಡು ಹೊಸ ಪ್ರೊಸೆಸರನ್ನು ಗುರುತಿಸುತ್ತದೆ ಎನ್ನಲಾಗದು. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಬೋರ್ಡಿನಲ್ಲಿ ಹಳೆಯ ಬಯಾಸ್ ಇರುತ್ತದೆ. ಪ್ರೊಸೆಸರ್ ಹಾಕದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ತುಂಬಿಸುವ ಗುಂಡಿ ಇರುವ ಬೋರ್ಡು ಇಂಥ ಕಡೆ ಉಪಕಾರಿ. 13 ಮತ್ತು 14ನೇ ಪೀಳಿಗೆಯ ಇಂಟೆಲ್ ಪ್ರೊಸೆಸರುಗಳಿಗಂತೂ ಬಯಾಸ್ ನವೀಕರಣ ಕಡ್ಡಾಯವೆನ್ನಬಹುದು: ಮಿತಿಮೀರಿದ ವೋಲ್ಟೇಜಿನಿಂದ ಕೆಲವು ಚಿಪ್ಪುಗಳು ಅಸ್ಥಿರವಾಗುತ್ತಿದ್ದುದಕ್ಕೆ 2024ರ ಆಗಸ್ಟಿನಲ್ಲಿ ಪರಿಹಾರದ ನವೀಕರಣ ಬಂತು, ವಾರಂಟಿಯೂ ಎರಡು ವರ್ಷ ಹೆಚ್ಚಿತು. ಇವನ್ನು ಹಳೆಯದಾಗಿ ಕೊಳ್ಳುವವರು ಬಯಾಸ್ ನೋಡದೆ ಮುಂದುವರಿಯಬಾರದು.

ಬೋರ್ಡಿನಲ್ಲಿ ಹಣ ಎಲ್ಲಿ ಹೋಗುತ್ತದೆ

ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದದ್ದು ಸುಮಾರು 1.2 ವೋಲ್ಟ್. ಸಾಕೆಟ್ಟಿನ ಸುತ್ತ ಸಾಲಾಗಿರುವ ವೋಲ್ಟೇಜ್ ನಿಯಂತ್ರಕಗಳು ಈ ಇಳಿಕೆ ಮಾಡುತ್ತವೆ. 120 ವಾಟ್ ಬಳಸುವ ಪ್ರೊಸೆಸರಿಗೆ 1.2 ವೋಲ್ಟಿನಲ್ಲಿ ಹರಿಯುವುದು 100 ಆಂಪಿಯರ್. ಅಮೆರಿಕದ ಮನೆಯ ಗೋಡೆಯಲ್ಲಿನ ಸಾಮಾನ್ಯ ಪ್ಲಗ್ ಪಾಯಿಂಟ್ ತಡೆಯುವ 15 ಆಂಪಿಯರಿನ ಎದುರು ಇಟ್ಟರೆ ಇದರ ಗಾತ್ರ ತಿಳಿಯುತ್ತದೆ. 253 ವಾಟಿನವರೆಗೆ ಏರುವ 14900ಕೆಯನ್ನು ಅಗ್ಗದ ಬೋರ್ಡಿನಲ್ಲಿ ಕೂರಿಸಿದರೆ ನಿಯಂತ್ರಕಗಳು ಕಾದು, ವೇಗ ಇಳಿಯುತ್ತದೆ. 65 ವಾಟಿನ ರೈಜನ್ 5 7600ಕ್ಕೆ ದುಬಾರಿ ಬೋರ್ಡು ಹಾಕಿದರೆ ಒಂದು ಫ್ರೇಮೂ ಹೆಚ್ಚುವುದಿಲ್ಲ.

ಬೋರ್ಡಿನ ದರ್ಜೆಯನ್ನು ಅದರ ಮೇಲಿನ ಸಹಾಯಕ ಚಿಪ್ಪಾದ ಚಿಪ್‌ಸೆಟ್ ಹೆಸರು ಹೇಳುತ್ತದೆ. ಎಎಂ5ರಲ್ಲಿ ಎ620 ಕೆಳದರ್ಜೆ, ಬಿ650 ಮತ್ತು ಬಿ850 ನಡುವಣವು, ಎಕ್ಸ್870 ಮೇಲಿನದು. ಇಂಟೆಲ್‌ನಲ್ಲಿ ಬಿ760, ಬಿ860 ನಡುವಣವು; ಪ್ರೊಸೆಸರಿನ ವೇಗ ಮೀರಿಸುವ ಅವಕಾಶ ಜಡ್790, ಜಡ್890ರಂಥ ‘ಜಡ್’ ಬೋರ್ಡುಗಳಲ್ಲಿ ಮಾತ್ರ. ‘ಕೆ’ ಪ್ರೊಸೆಸರ್ ಕೊಂಡು ‘ಬಿ’ ಬೋರ್ಡಿನಲ್ಲಿ ಕೂರಿಸಿದರೆ ಆ ‘ಕೆ’ಗೆ ತೆತ್ತ ಹಣದ ಒಂದು ಪಾಲು ವ್ಯರ್ಥ. ಹೆಚ್ಚಿನ ಗೇಮಿಂಗ್ ಕಂಪ್ಯೂಟರುಗಳಿಗೆ ಒಳ್ಳೆಯ ನಿಯಂತ್ರಕಗಳಿರುವ ‘ಬಿ’ ಬೋರ್ಡೇ ಸಾಕು. ಗ್ರಾಫಿಕ್ಸ್ ಕಾರ್ಡು ಸಿಕ್ಕಿಸುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ 4.0 ಆವೃತ್ತಿ 16 ಹಾದಿಗಳಲ್ಲಿ ಸೆಕೆಂಡಿಗೆ ಸುಮಾರು 32 ಗಿಗಾಬೈಟ್, 5.0 ಅದರ ಎರಡು ಪಟ್ಟು ಸಾಗಿಸುತ್ತದೆ. ಗೇಮ್‌ನಲ್ಲಿ ಇವುಗಳ ನಡುವಿನ ಅಂತರ ಅತ್ಯಲ್ಪ. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಸ್‌ಎಸ್‌ಡಿ ಹಾಕಿದರೆ ಕಾರ್ಡಿನ ಹಾದಿಗಳು ಅರ್ಧಕ್ಕಿಳಿಯುತ್ತವೆ. ಕೈಪಿಡಿ ಓದಿಯೇ ಇದನ್ನು ತಿಳಿಯಬೇಕು.

ಎಎಂ5 ಮತ್ತು ಎಲ್‌ಜಿಎ 1851 ಒಪ್ಪುವುದು ಡಿಡಿಆರ್5 ಮೆಮೊರಿಯನ್ನು ಮಾತ್ರ. 16 ಗಿಗಾಬೈಟಿನ ಎರಡು ಪಟ್ಟಿಗಳು ಇಂದಿನ ಗೇಮ್‌ಗಳಿಗೆ ಸಾಕು. ನಾಲ್ಕು ಪಟ್ಟಿ ತುಂಬಿದರೆ ಡಿಡಿಆರ್5ರ ವೇಗ ಸಾಮಾನ್ಯವಾಗಿ ಇಳಿಯುತ್ತದೆ. ನಾಲ್ಕು ಸ್ಲಾಟುಗಳಿರುವ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದನ್ನು ಬಳಸಬೇಕು. ರೈಜನ್ 7000 ಮತ್ತು 9000 ಸರಣಿಗೆ 6000 ವೇಗದ ಮೆಮೊರಿ ಹದವಾದದ್ದು. ಆದರೆ ಬಯಾಸ್‌ನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್ಎಂಪಿ ಎಂಬ ಆಯ್ಕೆ ಒತ್ತುವತನಕ ಅದೇ ಮೆಮೊರಿ 4800ರಂಥ ಕೆಳವೇಗದಲ್ಲೇ ಓಡುತ್ತದೆ. ಗಾತ್ರದ ವಿಷಯ ಸರಳ: ಎಟಿಎಕ್ಸ್ ಬೋರ್ಡು 305×244 ಮಿಲಿಮೀಟರ್, ಮೈಕ್ರೊ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ಕ್ಯಾಬಿನೆಟ್ಟಿಗೆ ಹೊಂದಿದರಾಯಿತು, ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ.

ಸ್ಯಾನ್ ಹೊಸೆಯ ಲೆಕ್ಕ

ಚಿಪ್ ವಿನ್ಯಾಸದ ಇಷ್ಟು ದೊಡ್ಡ ಕಂಪನಿಗಳು ಪಕ್ಕದ ಊರಿನಲ್ಲೇ ಇದ್ದರೂ ಸ್ಯಾನ್ ಹೊಸೆಯವರಿಗೆ ಬಿಡಿಭಾಗ ಮುಟ್ಟಿನೋಡಿ ಕೊಳ್ಳುವ ದೊಡ್ಡ ಅಂಗಡಿ ಕೆಲವು ವರ್ಷ ಇರಲಿಲ್ಲ. 1985ರಲ್ಲಿ ಸನಿವೇಲ್‌ನಲ್ಲಿ ಶುರುವಾದ ಫ್ರೈಸ್ ಎಲೆಕ್ಟ್ರಾನಿಕ್ಸ್ 2021ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚಿತು. ಸ್ಯಾನ್ ಹೊಸೆಯ ಬ್ರೋಕಾ ರಸ್ತೆಯ ಅದರ ಮಳಿಗೆಗೆ ಮಾಯಾ ದೇಗುಲದ ಅಲಂಕಾರವಿತ್ತು. 2025ರ ಮೇ ತಿಂಗಳಲ್ಲಿ ಸಾಂಟಾ ಕ್ಲಾರಾದಲ್ಲಿ ಮೈಕ್ರೊ ಸೆಂಟರ್ ಮಳಿಗೆ ತೆರೆಯಿತು. ಪ್ರೊಸೆಸರ್, ಬೋರ್ಡು, ಮೆಮೊರಿ ಮೂರನ್ನೂ ಒಟ್ಟಿಗೆ ಕೊಂಡವರಿಗೆ ರಿಯಾಯಿತಿ ಕೊಡುವುದು ಅಲ್ಲಿನ ವಾಡಿಕೆ. 2025ರ ಕೊನೆಯಲ್ಲಿ ಡಿಡಿಆರ್5 ಬೆಲೆ ವಿಪರೀತ ಏರಿದ ಮೇಲೆ ಇಂಥ ಕಟ್ಟುಗಳನ್ನು ಬಿಡಿಬೆಲೆಯೊಂದಿಗೆ ಹೋಲಿಸುವುದು ಇನ್ನಷ್ಟು ಅಗತ್ಯವಾಯಿತು. ಚೀಟಿಯ ಮೇಲಿನ ಬೆಲೆಗೆ ಶೇ. 9ಕ್ಕೂ ಮೀರಿದ ಮಾರಾಟ ತೆರಿಗೆ ಸೇರುತ್ತದೆಂಬುದನ್ನು ಮರೆಯುವಂತಿಲ್ಲ.

ವಿದ್ಯುತ್ ಬಿಲ್ಲೂ ಲೆಕ್ಕಕ್ಕೆ ಬರುತ್ತದೆ. 100 ವಾಟ್ ಹೆಚ್ಚು ಬಳಸುವ ಪ್ರೊಸೆಸರಿನಲ್ಲಿ ದಿನಕ್ಕೆ ಮೂರು ಗಂಟೆ ಆಡಿದರೆ ವರ್ಷಕ್ಕೆ ಸುಮಾರು 110 ಯುನಿಟ್. ಯುನಿಟ್ಟಿಗೆ 40 ಸೆಂಟ್ ಹಿಡಿದರೆ 44 ಡಾಲರ್. ನಾಲ್ಕು ವರ್ಷಕ್ಕೆ ಒಂದು ಸಾಧಾರಣ ಬೋರ್ಡಿನ ಬೆಲೆ. ಸ್ವಂತ ವಿದ್ಯುತ್ ಸಂಸ್ಥೆಯಿರುವ ಸಾಂಟಾ ಕ್ಲಾರಾದಲ್ಲಿ ದರ ಸ್ಯಾನ್ ಹೊಸೆಗಿಂತ ಬಹಳ ಕಡಿಮೆ. ಅಮೆರಿಕದಲ್ಲಿ ಕೊಂಡು ಕರ್ನಾಟಕಕ್ಕೆ ಒಯ್ಯುವವರಿಗೆ ಬೇರೆ ಲೆಕ್ಕ: ಬೋರ್ಡಿನ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೇ ಸೀಮಿತವಾದ್ದರಿಂದ ಬೋರ್ಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಕೊಳ್ಳುವುದು ಲೇಸು.

ಆಯ್ಕೆಯ ಕ್ರಮ ಹೀಗೆ: ಮೊದಲು ಪರದೆ, ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡು, ಕಾರ್ಡು ತನಗಾಗಿ ಕಾಯುವಂತೆ ಮಾಡದ ಪ್ರೊಸೆಸರ್, ಅದರ ಸಾಕೆಟ್ಟಿಗೆ ಇನ್ನೊಂದು ಪೀಳಿಗೆಯ ಆಯಸ್ಸಿದೆಯೇ ಎಂಬ ವಿಚಾರ, ಕೊನೆಗೆ ಬೋರ್ಡು. ಆಯ್ಕೆ ಸರಿಯಾಗಿದೆಯೇ ಎಂದು ಜೋಡಿಸಿದ ಮೇಲೆ ಪರೀಕ್ಷಿಸಬಹುದು. ಫ್ರೇಮ್ ಮಿತಿಯನ್ನು ತೆಗೆದು ಗೇಮ್ ಓಡಿಸಿ, ಕಾರ್ಡು ಎಷ್ಟು ದುಡಿಯುತ್ತಿದೆಯೆಂದು ನೋಡಬೇಕು. ಅದು ಶೇ. 97–99ರಲ್ಲಿದ್ದರೆ ಪ್ರೊಸೆಸರ್ ಸಾಕಷ್ಟಿದೆ, ಶೇ. 70ಕ್ಕೆ ಇಳಿದಿದ್ದರೆ ಕಾರ್ಡು ಪ್ರೊಸೆಸರಿಗಾಗಿ ಕಾಯುತ್ತಿದೆ.