ಕಸದೊಡನೆ ಖರೀದಿ ಪತ್ರವೂ ಹೋಗದಿರಲಿ

ಅರಸೀಕೆರೆಯ ಕೊಬ್ಬರಿ ಮಂಡಿಗಳಿಗೆ ಉತ್ತರ ಭಾರತದ ಖರೀದಿದಾರರ ವಿಚಾರಣೆಗಳು ಒಂದು ಕಾಲಕ್ಕೆ ಅಂಚೆ, ತಂತಿಗಳ ಮೂಲಕ ಬರುತ್ತಿದ್ದವು. ಈಗ ಮಿಂಚಂಚೆಯೂ ಆ ಕೆಲಸ ಮಾಡುತ್ತಿದೆ. ಬೇಲೂರಿನ ಕಾಫಿ, ಮೆಣಸಿನ ವರ್ತಕರಿಗೂ ಹಳೇಬೀಡಿನ ವಸತಿಗೃಹಗಳವರಿಗೂ ಈ ಮಾತು ಸಲ್ಲುತ್ತದೆ. ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಪರಿಚಯವಿಲ್ಲದ ದೇಶದ, ಪರಿಚಯವಿಲ್ಲದ ವಿಳಾಸದ ಪತ್ರವನ್ನು ಓದದೆ ಬಿಸಾಡುವಂತಿಲ್ಲ. ಲಾಟರಿ ಬಹುಮಾನ, ಅಗ್ಗದ ಸಾಲ, ಅದ್ಭುತ ಔಷಧಗಳ ಪತ್ರಗಳು ಬಂದು ಬೀಳುವುದೂ ಅದೇ ಪೆಟ್ಟಿಗೆಗೆ.

ಕಸದ ಪತ್ರವೊಂದು ಒಳಗೆ ನುಸುಳಿದರೆ ನಷ್ಟವಾಗುವುದು ಅರೆ ನಿಮಿಷ. ಆದರೆ ನಿಜವಾದ ಬೇಡಿಕೆ ಪತ್ರ ಕಸದ ಪಾಲಾದರೆ ನಷ್ಟವಾಗುವುದು ಒಂದು ಲಾರಿ ಲೋಡಿನ ವ್ಯಾಪಾರ. ಹಾಗೆ ಕೈತಪ್ಪಿದ್ದು ವರ್ತಕರಿಗೆ ತಿಳಿಯುವುದೂ ಇಲ್ಲ. 'ತುರ್ತು', 'ಉತ್ತಮ ದರ', 'ಕೂಡಲೇ ಉತ್ತರಿಸಿ' ಎಂಬ ಪದಗಳನ್ನು ಕಂಡೊಡನೆ ಪತ್ರವನ್ನು ತಳ್ಳಿಹಾಕುವ ಸಿದ್ಧ ನಿಯಮಗಳ ತೊಡಕು ಇಲ್ಲಿಯೇ ಇದೆ. ವಂಚಕರಂತೆ ವರ್ತಕರೂ ಇದೇ ಭಾಷೆಯಲ್ಲಿ ಬರೆಯುತ್ತಾರಲ್ಲವೇ?

ಈ ತೊಡಕಿಗೆ ಸರಳವಾದ ದಾರಿಯೊಂದನ್ನು ಅಮೆರಿಕದ ಪ್ರೋಗ್ರಾಮರ್ ಪಾಲ್ ಗ್ರಹಾಂ 2002ರ ಆಗಸ್ಟಿನಲ್ಲಿ ಬರೆದ ಲೇಖನವು ಜನಪ್ರಿಯಗೊಳಿಸಿತು. ಅದರ ಬುನಾದಿ 18ನೆಯ ಶತಮಾನದ ಇಂಗ್ಲಿಷ್ ಪಾದ್ರಿ ಥಾಮಸ್ ಬೇಯ್ಸ್ ಅವರ ಸಂಭವನೀಯತೆಯ ಸೂತ್ರ. ಯಾವ ಪದ ಕೆಟ್ಟದ್ದೆಂದು ಯಾರೂ ಮೊದಲೇ ನಿರ್ಧರಿಸಬೇಕಾಗಿಲ್ಲ. ತಮಗೆ ಬಂದ ಪತ್ರಗಳನ್ನು 'ಬೇಕಾದದ್ದು', 'ಬೇಡವಾದದ್ದು' ಎಂದು ಎರಡು ರಾಶಿ ಮಾಡಿಕೊಟ್ಟರೆ ಸಾಕು; ಪ್ರತಿ ಪದ ಯಾವ ರಾಶಿಯಲ್ಲಿ ಎಷ್ಟು ಪತ್ರಗಳಲ್ಲಿದೆ ಎಂದು ತಂತ್ರಾಂಶವೇ ಎಣಿಸಿಕೊಳ್ಳುತ್ತದೆ. ಮಂಡಿಗೆ ಹೊಸದಾಗಿ ಸೇರಿದ ಹುಡುಗ ಒಳ್ಳೆಯ ಉಂಡೆ ಕೊಬ್ಬರಿಯನ್ನೂ ಕಮಟು ಹಿಡಿದದ್ದನ್ನೂ ಕೈಯಲ್ಲಿ ಹಿಡಿದು ಹಿಡಿದೇ ಕಲಿಯುವ ಬಗೆ ಇದು.

ಎಣಿಕೆಯ ಒಂದು ಉದಾಹರಣೆ ನೋಡಬಹುದು. ಎರಡೂ ರಾಶಿಗಳಲ್ಲಿ ತಲಾ 200 ಪತ್ರಗಳಿವೆ ಎಂದಿಟ್ಟುಕೊಳ್ಳೋಣ. 'ಕೊಬ್ಬರಿ' ಎಂಬ ಪದ ಒಳ್ಳೆಯ 80 ಪತ್ರಗಳಲ್ಲಿ, ಕಸದ 1 ಪತ್ರದಲ್ಲಿ ಇದೆ. 'ತುರ್ತು' ಎಂಬುದು ಒಳ್ಳೆಯ 20ರಲ್ಲಿ, ಕಸದ 60ರಲ್ಲಿ ಇದೆ. 'ತುರ್ತು' ಒಂದನ್ನೇ ನೋಡಿದರೆ ಪತ್ರ ಕಸವಾಗಿರುವ ಸಾಧ್ಯತೆ ಶೇ. 75. ಅದೇ ಪತ್ರದಲ್ಲಿ 'ಕೊಬ್ಬರಿ'ಯೂ ಇದ್ದರೆ ಎರಡನ್ನೂ ಕೂಡಿಸಿದ ಲೆಕ್ಕ ಶೇ. 4ಕ್ಕಿಂತ ಕೆಳಗಿಳಿದು, ಪತ್ರ ಉಳಿದುಕೊಳ್ಳುತ್ತದೆ. ದೂರದ ಯಾವುದೋ ನಗರದ ಔಷಧ ಕಂಪನಿಗೆ ಈ ಲೆಕ್ಕ ಬೇರೆಯೇ ಆಗಿರುತ್ತದೆ. ಸೋಸುವ ಜರಡಿಯನ್ನು ಆಯಾ ಅಂಗಡಿಯ ಪತ್ರಗಳಿಂದಲೇ ಹೆಣೆಯಬೇಕು ಎನ್ನುವುದು ಇದಕ್ಕಾಗಿಯೇ.

ಇಂಥ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ, ಅದರ ಮೂಲ ಸಂಕೇತವೂ ಎಲ್ಲರಿಗೂ ಮುಕ್ತ. ಕಚೇರಿಯ ಗಣಕಯಂತ್ರದಲ್ಲಿ ಥಂಡರ್‌ಬರ್ಡ್ ಬಳಸುವವರಿಗೆ ಕಲಿಯುವ ಸೋಸುಕ ಅದರೊಳಗೇ ಇದೆ. ಕಸದ ಪತ್ರವನ್ನು ಗುರುತು ಮಾಡುತ್ತ ಹೋದರಾಯಿತು, ತಪ್ಪಾಗಿ ಗುರುತಾದದ್ದನ್ನು ಸರಿಪಡಿಸುವುದನ್ನು ಮಾತ್ರ ಮರೆಯಬಾರದು. ಸಂಸ್ಥೆಯ ಹೆಸರಿನಲ್ಲಿಯೇ ವಿಳಾಸವಿದ್ದರೆ ಸರ್ವರ್ ಒದಗಿಸುವವರ ಬಳಿ ಅಪಾಚೆ ಸ್ಪ್ಯಾಮ್‌ಅಸ್ಯಾಸಿನ್ ಇದೆಯೇ ಎಂದು ವಿಚಾರಿಸಬಹುದು. ಅದು ನಿಯಮಗಳನ್ನೂ ಎಣಿಕೆಯನ್ನೂ ಕೂಡಿಸಿ ಅಂಕ ಕೊಡುತ್ತದೆ. ಸಾಮಾನ್ಯವಾಗಿ 5 ಅಂಕ ದಾಟಿದ ಪತ್ರಕ್ಕೆ ಗುರುತು ಹಾಕುತ್ತದೆಯೇ ಹೊರತು ತಾನಾಗಿ ಅಳಿಸುವುದಿಲ್ಲ. ಎರಡೂ ಬಗೆಯ ತಲಾ 200 ಪತ್ರಗಳನ್ನು ಕಲಿಯುವ ತನಕ ಅದರ ಎಣಿಕೆಯ ಭಾಗ ಬಾಯಿ ತೆರೆಯುವುದಿಲ್ಲ. ಒಂದೇ ವಾರದಲ್ಲಿ ಫಲ ಕಾಣಲಿಲ್ಲವೆಂದು ಕೈಬಿಡುವವರು ಇದನ್ನು ಗಮನಿಸಬೇಕು.

ಕನ್ನಡದಲ್ಲಿ ಪತ್ರವ್ಯವಹಾರ ಮಾಡುವವರಿಗೆ ಇನ್ನಷ್ಟು ತಾಳ್ಮೆ ಬೇಕು. ಸಾಮಾನ್ಯ ಎಣಿಕೆಗೆ 'ಕೊಬ್ಬರಿ', 'ಕೊಬ್ಬರಿಗೆ', 'ಕೊಬ್ಬರಿಯನ್ನು' ಎಂಬವು ಮೂರು ಬೇರೆ ಬೇರೆ ಪದಗಳು. ವಿಭಕ್ತಿಯ ಸಂಬಂಧ ಅದಕ್ಕೆ ತಿಳಿಯದು. ಆದ್ದರಿಂದ ಪ್ರತಿ ರೂಪವನ್ನೂ ಕಲಿಯಲು ಹೆಚ್ಚು ಪತ್ರಗಳು ಬೇಕಾಗುತ್ತವೆ. 2022ರ ಡಿಸೆಂಬರಿನಲ್ಲಿ ಹೊರಬಂದ ಸ್ಪ್ಯಾಮ್‌ಅಸ್ಯಾಸಿನ್ 4.0 ಆವೃತ್ತಿಯು ಇಂಗ್ಲಿಷೇತರ ಭಾಷೆಗಳ ಬರಹವನ್ನು ಹಿಂದಿಗಿಂತ ಚೆನ್ನಾಗಿ ನಿಭಾಯಿಸುತ್ತದೆ. ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡಿರುವವರು ಬದಲಿಸಿಕೊಳ್ಳುವುದು ಒಳಿತು. ತಂತ್ರಾಂಶ ಏನೇ ಇರಲಿ, ಕಸದ ಪತ್ರಗಳನ್ನು ತಾನಾಗಿ ಅಳಿಸುವ ಆಜ್ಞೆಯನ್ನು ಮಾತ್ರ ಕೊಡಬಾರದು. ಗುಮಾಸ್ತರು ದಿನಕ್ಕೊಮ್ಮೆ ಆ ಕಡತದ ಮೇಲೆ ಕಣ್ಣಾಡಿಸಿದರೆ ಐದು ನಿಮಿಷ ಹಿಡಿಯಬಹುದು.

ಈ ಜರಡಿಗೆ ಸಿಕ್ಕದ ಪತ್ರವೂ ಒಂದಿದೆ, ಅದೇ ಅತ್ಯಂತ ಅಪಾಯಕಾರಿ. ಬಹುಕಾಲದ ಸರಬರಾಜುದಾರರ ಹೆಸರಿನಲ್ಲಿ, ಅವರದೇ ಬಿಲ್ಲಿನ ನಮೂನೆಯಲ್ಲಿ, 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂದು ಬರುವ ಪತ್ರ ಅದು. ಅದರಲ್ಲಿರುವುದೆಲ್ಲ ಒಳ್ಳೆಯ ರಾಶಿಯ ಪದಗಳೇ. ಎಣಿಕೆಯನ್ನೇ ನಂಬಿದ ತಂತ್ರಾಂಶ ಅದನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಹಣ ಕಳುಹಿಸುವ ಮೊದಲು, ಪತ್ರದಲ್ಲಿ ಕೊಟ್ಟ ಸಂಖ್ಯೆಗಲ್ಲದೆ ತಮ್ಮ ಪುಸ್ತಕದಲ್ಲಿ ಮೊದಲೇ ಬರೆದಿಟ್ಟ ಸಂಖ್ಯೆಗೆ ದೂರವಾಣಿ ಮಾಡಿ ಖಚಿತಪಡಿಸಿಕೊಳ್ಳಬೇಕು. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೂ ತಮ್ಮ ಬ್ಯಾಂಕಿಗೂ ತಿಳಿಸಬೇಕು.